ಮಿಲಾನಿನಿಂದ ದೇಗಾಂವಿಗೆ: ಒಂದು ಹಳೆಯ ಸ್ಕೂಟರಿನ ಆರೈಕೆ



ವಸ್ತುಗಳನ್ನು ಕೊಳ್ಳುವುದು ಇಂದು ಸುಲಭವಾಗಿದೆ. ಕೊಂಡದ್ದನ್ನು ಬಹುಕಾಲ ಬಾಳಿಸುವುದು ಕಠಿಣವಾಗಿದೆ. ನಿಮ್ಮ ಮನೆಯ ಅಟ್ಟವನ್ನೋ ಹಿತ್ತಲನ್ನೋ ಒಮ್ಮೆ ನೋಡಿರಿ. ಚಕ್ರ ತಿರುಗದ ಹೊಲಿಗೆ ಯಂತ್ರ, ಮಾತು ನಿಲ್ಲಿಸಿದ ರೇಡಿಯೋ, ಬತ್ತಿ ಸಿಗದ ಸೀಮೆಎಣ್ಣೆ ಸ್ಟವ್ ಇವುಗಳಲ್ಲಿ ಒಂದಾದರೂ ಅಲ್ಲಿರುತ್ತದೆ. ಅವು ಕೆಟ್ಟುದಕ್ಕಿಂತ, ಅವುಗಳನ್ನು ಸರಿಪಡಿಸಬಲ್ಲವರು ಸಿಗದೆ ಹೋದುದೇ ಅವುಗಳ ಇಂದಿನ ಸ್ಥಿತಿಗೆ ಕಾರಣ. ಹಾಗೆ ಮೂಲೆ ಸೇರಿ, ಬಳಿಕ ಪುನಃ ರಸ್ತೆಗೆ ಬಂದ ಒಂದು ಹಳೆಯ ಸ್ಕೂಟರಿನ ಕುರಿತು ಈ ತಿಂಗಳು ನಿಮ್ಮೊಡನೆ ಕೆಲವು ವಿಚಾರಗಳನ್ನು ಹಂಚಿಕೊಳ್ಳಬಯಸುತ್ತೇನೆ.

ಇಟಲಿಯ ದ್ವಿಚಕ್ರ ವಾಹನವೆಂದರೆ ಇಂದಿನ ತರುಣರಿಗೆ ಡುಕಾಟಿಯಂಥ ದುಬಾರಿ ಮೋಟಾರ್ ಸೈಕಲ್ ನೆನಪಾಗಬಹುದು. ಆದರೆ ನಮ್ಮ ಕಿತ್ತೂರು, ಬೈಲಹೊಂಗಲ, ಸವದತ್ತಿ ಸೀಮೆಗೆ ಇಟಲಿಯ ಯಂತ್ರಕೌಶಲ ಬಂದದ್ದು ಸ್ಕೂಟರಿನ ರೂಪದಲ್ಲಿ. ಎರಡನೆಯ ಮಹಾಯುದ್ಧ ಮುಗಿದಾಗ ಇಟಲಿಯ ಕಾರ್ಖಾನೆಗಳು ಬಾಂಬುಗಳಿಂದ ಜರ್ಜರಿತವಾಗಿದ್ದವು, ಜನರ ಕೈಯಲ್ಲಿ ಹಣವಿರಲಿಲ್ಲ, ರಸ್ತೆಗಳು ಹಾಳಾಗಿದ್ದವು. ವಿಮಾನಗಳನ್ನು ತಯಾರಿಸುತ್ತಿದ್ದ ಪಿಯಾಜಿಯೋ ಕಂಪನಿಗಾಗಿ ಕೊರಾದಿನೊ ದಾಸ್ಕಾನಿಯೊ ಎಂಬ ವಿಮಾನ ತಂತ್ರಜ್ಞ ರೂಪಿಸಿದ ಅಗ್ಗದ ವಾಹನ 1946ರಲ್ಲಿ ಹೊರಬಂದಿತು. ಅದೇ ವೆಸ್ಪಾ. ಗುರುಮಠದಲ್ಲಿ ಲ್ಯಾಟಿನ್ ಕಲಿತವರಿಗೆ ಆ ಹೆಸರು ಹೊಸದಲ್ಲ. ಅದರ ಅರ್ಥ ಕಡಜ. ಮರುವರ್ಷವೇ, ಉಕ್ಕಿನ ಕೊಳವೆಗಳನ್ನು ತಯಾರಿಸುತ್ತಿದ್ದ ಫೆರ್ದಿನಾಂದೊ ಇನ್ನೊಚೆಂತಿ ಎಂಬ ಉದ್ಯಮಿ ಮಿಲಾನ್ ನಗರದ ಲಾಂಬ್ರಾತೆ ಬಡಾವಣೆಯಿಂದ ಲ್ಯಾಂಬ್ರೆಟ್ಟಾ ಸ್ಕೂಟರನ್ನು ಹೊರತಂದ. ತಾನು ಬಲ್ಲ ಕೊಳವೆಯನ್ನೇ ಅದರ ಬೆನ್ನೆಲುಬಾಗಿಸಿದ.

ಮುಂಬಯಿಯ ಆಟೋಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಸಂಸ್ಥೆಯು 1950ರ ದಶಕದಲ್ಲಿ ಲ್ಯಾಂಬ್ರೆಟ್ಟಾವನ್ನು ನಮ್ಮ ದೇಶದಲ್ಲಿ ಜೋಡಿಸತೊಡಗಿತು. ಪುಣೆಯ ಬಜಾಜ್ ಸಂಸ್ಥೆ ಪಿಯಾಜಿಯೋ ಸಹಯೋಗದಿಂದ ವೆಸ್ಪಾ ತಯಾರಿಸಿತು. ಆ ಸಹಯೋಗ 1971ರಲ್ಲಿ ಮುಗಿದ ಬಳಿಕ ಅದೇ ವಿನ್ಯಾಸದ ಮೇಲೆ ಚೇತಕ್ ಬಂದಿತು. ಅತ್ತ ಮಿಲಾನಿನಲ್ಲಿ ಇನ್ನೊಚೆಂತಿ ಕಾರ್ಖಾನೆ ಸ್ಕೂಟರ್ ತಯಾರಿಕೆಯನ್ನು ಕೈಬಿಟ್ಟಾಗ, ಭಾರತ ಸರಕಾರವು ಅಲ್ಲಿನ ಯಂತ್ರಗಳನ್ನೂ ನಕ್ಷೆಗಳನ್ನೂ ಹೆಸರಿನ ಹಕ್ಕನ್ನೂ ಕೊಂಡುಕೊಂಡಿತು. ಅದಕ್ಕಾಗಿಯೇ 1972ರಲ್ಲಿ ಲಕ್ನೋದಲ್ಲಿ ಸ್ಕೂಟರ್ಸ್ ಇಂಡಿಯಾ ಲಿಮಿಟೆಡ್ ಸ್ಥಾಪನೆಯಾಯಿತು. 1975ರಿಂದ ಅಲ್ಲಿ ಲ್ಯಾಂಬ್ರೆಟ್ಟಾ 'ವಿಜಯ್ ಸೂಪರ್' ಎಂಬ ಭಾರತೀಯ ಹೆಸರು ಹೊತ್ತು ತಯಾರಾಯಿತು. 1997ರಲ್ಲಿ ಆ ಸಂಸ್ಥೆ ದ್ವಿಚಕ್ರ ವಾಹನಗಳನ್ನು ನಿಲ್ಲಿಸಿತು. ಸಂಸ್ಥೆಯನ್ನೇ ಮುಚ್ಚಲು 2021ರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿತು. ತಾಯ್ನೆಲದ ಕಾರ್ಖಾನೆಯೂ ಇಲ್ಲ, ಸಾಕಿದ ಕಾರ್ಖಾನೆಯೂ ಇಲ್ಲ. ಇಂಥ ತಬ್ಬಲಿ ವಾಹನವೊಂದು ಈಗ ನನ್ನ ಬಳಿಯಿದೆ.

ಅದು ದೇಗಾಂವಿನ ನಿವೃತ್ತ ಮಾಸ್ತರರೊಬ್ಬರದು. ಎರಡು ದಶಕಕ್ಕೂ ಹೆಚ್ಚು ಕಾಲ ಅದರ ಮೇಲೆಯೇ ಶಾಲೆಗೆ ಹೋಗಿಬಂದವರು ಅವರು. ಅವರು ತೀರಿಕೊಂಡ ಬಳಿಕ ಗಾಡಿ ದನದ ಕೊಟ್ಟಿಗೆಯ ಮೂಲೆ ಸೇರಿತು. ಮಕ್ಕಳು ದೂರದ ಊರಿನಲ್ಲಿ ಉದ್ಯೋಗದಲ್ಲಿದ್ದರು. ಒಂದು ದಿನ ಮಾಸ್ತರರ ಪತ್ನಿ, "ಫಾದರ್, ಗುಜರಿಯವರು ಕೇಳಾಕತ್ತಾರ್ರಿ. ಕೊಡಾಕ ಮನಸ್ಸ ಒಪ್ಪವಲ್ದು. ನೀವಾದ್ರ ಅದನ್ನ ಓಡಸ್ತೀರಿ, ತಗೊಂಡ ಹೋಗ್ರಿ" ಎಂದರು. ಗುಜರಿಯವರು ಹೇಳಿದ ಬೆಲೆಗಿಂತ ತುಸು ಹೆಚ್ಚು ಕೊಟ್ಟು, ಕಾಗದಪತ್ರಗಳನ್ನು ಕ್ರಮವಾಗಿ ವರ್ಗಾಯಿಸಿಕೊಂಡು ಅದನ್ನು ತಂದೆ. ಆ ತಾಯಿ ಮಾರಿದ್ದು ಗಾಡಿಯನ್ನಾದರೂ, ನನಗೆ ಒಪ್ಪಿಸಿದ್ದು ಪತಿಯ ನೆನಪನ್ನು ಎಂಬ ಅರಿವು ನನಗಿದೆ. ಆದ್ದರಿಂದ ಅದನ್ನು ನಿಂತಲ್ಲೇ ತುಕ್ಕು ಹಿಡಿಯಲು ಬಿಡುವ ಸ್ವಾತಂತ್ರ್ಯ ನನಗಿಲ್ಲ.

ಇದರ ಆರೈಕೆ ಹೇಗೆಂದು ನೀವು ಕೇಳಬಹುದು. ಲ್ಯಾಂಬ್ರೆಟ್ಟಾ ವಂಶದ ಎಂಜಿನ್ ಗಾಡಿಯ ನಟ್ಟನಡುವೆ ಮಲಗಿರುತ್ತದೆ. ವೆಸ್ಪಾದಲ್ಲಿ ಅದು ಬಲಗಡೆಗೆ ಇರುವುದರಿಂದ ಭಾರ ಒಂದು ಕಡೆಗೆ ಹೆಚ್ಚು. ಇದರಲ್ಲಿ ಭಾರ ಸಮನಾಗಿ ಹಂಚಿಕೊಂಡಿದೆ. ಎರಡೂ ಪಕ್ಕದ ತಗಡಿನ ಮುಚ್ಚಳ ತೆಗೆದರೆ ಇಡೀ ಯಂತ್ರ ಕಣ್ಣಿಗೆ ಕಾಣುತ್ತದೆ. ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಸರಪಳಿ ಮುಚ್ಚಿದ ಪೆಟ್ಟಿಗೆಯೊಳಗೆ ಎಣ್ಣೆಯಲ್ಲಿ ಮುಳುಗಿದ್ದು, ನಮ್ಮ ಎರೆಮಣ್ಣಿನ ಧೂಳು ಅದನ್ನು ಮುಟ್ಟದು. ಆ ಪೆಟ್ಟಿಗೆಗೆ ಸುಮಾರು 700 ಮಿಲಿಲೀಟರ್ 90ನೆಯ ನಂಬರಿನ ಗೇರ್ ಎಣ್ಣೆ ಬೇಕು. ಇದು ಎರಡು ಸ್ಟ್ರೋಕ್ ಎಂಜಿನ್ ಆದುದರಿಂದ ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆಸಬೇಕು. ನಾನು ಲೀಟರಿಗೆ 40 ಮಿಲಿಲೀಟರಿನಂತೆ ಅಳೆದು ಹಾಕುತ್ತೇನೆ. ಅಳತೆ ತಪ್ಪಿ ಕಡಿಮೆಯಾದರೆ ಪಿಸ್ಟನ್ ಒಣಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಹೆಚ್ಚಾದರೆ ಪ್ಲಗ್ಗಿಗೆ ಮಸಿ ಹಿಡಿದು, ಸೈಲೆನ್ಸರ್ ಕಟ್ಟಿಕೊಳ್ಳುತ್ತದೆ. ಮ್ಯಾಗ್ನೆಟ್ ಚಕ್ರಕ್ಕೆ ಹೊಂದಿಕೊಂಡಿರುವ ಬೀಸಣಿಗೆಯೇ ಸಿಲಿಂಡರನ್ನು ತಂಪಾಗಿಡುತ್ತದೆ. ಸುಗ್ಗಿಯ ಕಾಲದಲ್ಲಿ ಜೋಳದ ಹೊಟ್ಟು ಗಾಳಿಯ ದಾರಿಯಲ್ಲಿ ಸಿಕ್ಕಿಕೊಂಡರೆ ಎಂಜಿನ್ ಬಿಸಿಯೇರುತ್ತದೆ. ಆಗಾಗ ತೆಗೆದು ಊದಿ ಸ್ವಚ್ಛಗೊಳಿಸಬೇಕು.

ಗೇರಿಗೆ ಎರಡು ಕೇಬಲ್, ಕ್ಲಚ್ಚಿಗೆ ಒಂದು, ಬ್ರೇಕು, ಆಕ್ಸಿಲರೇಟರುಗಳಿಗೆ ಬೇರೆ ಬೇರೆ. ಇವೆಲ್ಲವೂ ಹ್ಯಾಂಡಲ್ಲಿನೊಳಗಿಂದ ಸಾಗಿ ಬರುತ್ತವೆ. ಒಂದರ ಬಿಗಿ ಹೆಚ್ಚುಕಡಿಮೆಯಾದರೂ ಗೇರು ಕೂರುವುದಿಲ್ಲ. ವಾರಕ್ಕೊಮ್ಮೆ ಒಂದು ಹನಿ ಎಣ್ಣೆ, ತಿಂಗಳಿಗೊಮ್ಮೆ ಪ್ಲಗ್ ಒರೆಸುವುದು, ಮಳೆಗಾಲಕ್ಕೆ ಮುಂಚೆ ಪಾಯಿಂಟಿನ ಅಂತರ ನೋಡುವುದು, ಇಷ್ಟೇ ಇದರ ದಿನಚರಿ. ಯಾವುದೂ ದೊಡ್ಡ ವಿದ್ಯೆಯಲ್ಲ. ಆದರೆ ಯಾವುದನ್ನೂ ನಾಳೆಗೆ ಮುಂದೂಡುವಂತಿಲ್ಲ.

ಪಾಯಿಂಟು, ಕ್ಲಚ್ಚುಗಳ ಸೂಕ್ಷ್ಮ ಕೆಲಸಕ್ಕೆ ಬೈಲಹೊಂಗಲದ ಹಿರಿಯ ಮಿಸ್ತ್ರಿಯೊಬ್ಬರ ಬಳಿ ಹೋಗುತ್ತೇನೆ. ಎಪ್ಪತ್ತು ದಾಟಿದ ಅವರು ಗಾಡಿಯನ್ನು ಬಿಚ್ಚುವ ಮೊದಲು ಕಣ್ಣುಮುಚ್ಚಿ ಅದರ ಶಬ್ದ ಕೇಳುತ್ತಾರೆ. "ಫಾದರ್, ಇದರ ಜೀವ ಇನ್ನೂ ಗಟ್ಟಿ ಐತ್ರಿ, ಉಸರ ಕಟ್ಟೈತಿ ಅಷ್ಟ" ಎಂದು ಸೈಲೆನ್ಸರಿನತ್ತ ಬೆರಳು ತೋರಿಸುತ್ತಾರೆ. ಅವರ ಕೈ ಈಗ ನಡುಗುತ್ತದೆ. ಮಗ ಬೇರೆ ಉದ್ಯೋಗ ಹಿಡಿದಿದ್ದಾನೆ. ಬಿಡಿಭಾಗಗಳ ಚಿಂತೆ ನನಗಿಲ್ಲ. ಯೂರೋಪಿನಲ್ಲಿ ಲ್ಯಾಂಬ್ರೆಟ್ಟಾಕ್ಕೆ ಪ್ರೇಮಿಗಳಿರುವುದರಿಂದ ಭಾರತದಲ್ಲಿ ಅವುಗಳ ತಯಾರಿಕೆ ಇನ್ನೂ ನಡೆದಿದೆ. ಆದರೆ ಆ ಕಿವಿಯನ್ನು ಯಾವ ಅಂಗಡಿಯಿಂದ ತರೋಣ? ಅವರು ಪಾನಾ ಕೆಳಗಿಟ್ಟ ದಿನ ಅರ್ಧ ಶತಮಾನದ ಅನುಭವ ಅವರೊಂದಿಗೇ ಹೊರಟುಹೋಗುತ್ತದೆ.

ಈ ಯೋಚನೆ ನನಗೆ ಬಲವಾಗಿ ಬರುವುದು ದೇಗಾಂವಿಗೆ ಹೋದಾಗ. ಕಿತ್ತೂರಿಗೆ ಸಮೀಪದ ಆ ಊರಿನಲ್ಲಿ 12ನೆಯ ಶತಮಾನದ ಕಮಲನಾರಾಯಣ ದೇವಾಲಯವಿದೆ. ಗೋವೆಯ ಕದಂಬರ ರಾಣಿ ಕಮಲಾದೇವಿಯ ಹೆಸರಿನೊಂದಿಗೆ ಬೆಸೆದುಕೊಂಡ ಆ ಗುಡಿಯ ಶಿಲ್ಪಿ ತಿಪ್ಪೋಜ. ಎಂಟು ಶತಮಾನಗಳು ಕಳೆದರೂ ಆತನ ಹೆಸರು ನಮಗೆ ತಿಳಿದಿದೆ. ರಾಣಿಯ ಜೊತೆಗೆ ಕೆಲಸಗಾರನ ಹೆಸರನ್ನೂ ಉಳಿಸಿದ ಆ ಕಾಲದ ಔದಾರ್ಯವನ್ನು ಮೆಚ್ಚಲೇಬೇಕು. ನಮ್ಮ ಬಾವಿಯ ಪಂಪು, ಹೊಲದ ಟ್ರ್ಯಾಕ್ಟರು, ಮನೆಯ ಗಾಡಿಗಳನ್ನು ಜೀವಂತವಾಗಿಟ್ಟ ಮಿಸ್ತ್ರಿಗಳ ಹೆಸರನ್ನು ನಾವು ಎಲ್ಲಿ ಬರೆದಿಟ್ಟಿದ್ದೇವೆ?

ಹಳೆಯದೆಲ್ಲವೂ ಒಳ್ಳೆಯದೆಂದು ನಾನು ಹೇಳಲಾರೆ. ಎರಡು ಸ್ಟ್ರೋಕ್ ಎಂಜಿನ್ ಎಣ್ಣೆಯನ್ನು ಸುಡುತ್ತದೆ. ಇಂಧನದ ಒಂದಂಶವನ್ನು ಸುಡದೆಯೇ ಹೊರಗೆ ಬಿಡುತ್ತದೆ. ಅದರ ಹೊಗೆ ಮಕ್ಕಳ ಶ್ವಾಸಕ್ಕೆ ಹಿತವಲ್ಲ. ಆದ್ದರಿಂದ ನಿತ್ಯದ ಓಡಾಟಕ್ಕೆ ಹೊಸ ವಾಹನವನ್ನೇ ಬಳಸುತ್ತೇನೆ. ಇದನ್ನು ಹೊರತೆಗೆಯುವುದು ವಾರಕ್ಕೊಂದು ದಿನ ಮಾತ್ರ. ಕಾನೂನು ಕೂಡ ಹಳೆಯ ಗಾಡಿಗಳ ಮೇಲೆ ಬಿಗಿಯಾಗುತ್ತಿದೆ. 15 ವರ್ಷ ತುಂಬಿದ ಬಳಿಕ ತಪಾಸಣೆ ಮಾಡಿಸಿ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. 20 ವರ್ಷ ಮೀರಿದ ದ್ವಿಚಕ್ರ ವಾಹನದ ನವೀಕರಣ ಶುಲ್ಕವನ್ನು 2025ರಲ್ಲಿ 2,000 ರೂಪಾಯಿಗೆ ಏರಿಸಲಾಯಿತು. ಇದು ನ್ಯಾಯವೇ ಎಂದು ನಾನು ತಿಳಿಯುತ್ತೇನೆ. ಎಲ್ಲರೂ ಉಸಿರಾಡುವ ಗಾಳಿಯಲ್ಲಿ ನನ್ನ ಸಂತೋಷಕ್ಕೂ ಒಂದು ಮಿತಿ ಇರಬೇಕಲ್ಲವೇ?

ಇನ್ನೊಂದು ಕಷ್ಟ ನಮ್ಮ ಹೊಲಗಳಿಂದಲೇ ಬಂದಿದೆ. ಈಗ ಪಂಪುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆತಿರುತ್ತದೆ. ಬೆಳಗಾವಿ ಜಿಲ್ಲೆಯ ಕಬ್ಬು ಆ ಎಥನಾಲಿಗೂ ಮೂಲವಾಗಿದೆ. ನಮ್ಮ ರೈತರಿಗೆ ಅದರಿಂದ ಒಂದು ಆಸರೆಯಾಗಿದೆ. ಆದರೆ ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಹಳೆಯ ಕಾಲದ ರಬ್ಬರ್ ಪೈಪು, ವಾಷರುಗಳನ್ನು ಮೆತ್ತಗಾಗಿಸಿ ತಿನ್ನುತ್ತದೆ. ಹೀಗಾಗಿ ಹೊಸ ಬಗೆಯ ಪೈಪನ್ನು ಹಾಕಿಸಿದ್ದೇನೆ. ಹೆಚ್ಚು ದಿನ ನಿಲ್ಲಿಸುವುದಾದರೆ ಟ್ಯಾಂಕಿಯನ್ನೂ ಕಾರ್ಬ್ಯುರೇಟರನ್ನೂ ಬರಿದು ಮಾಡುತ್ತೇನೆ. ನಿಮ್ಮಲ್ಲಿ ಹಳೆಯ ಬಜಾಜ್, ಜಾವಾ ಅಥವಾ ಲೂನಾ ಇಟ್ಟುಕೊಂಡವರು ಇದನ್ನು ಗಮನಿಸಿದರೆ ಒಳ್ಳೆಯದು.

ಇಷ್ಟೆಲ್ಲ ಮಾಡಿ ಸಿಗುವುದೇನು? ಮುಂಗಾರು ನಿಂತ ಮೇಲಿನ ಒಂದು ಬೆಳಗ್ಗೆ ಕಿತ್ತೂರಿನಿಂದ ದೇಗಾಂವಿನ ಕಡೆಗೆ ಹೊರಟರೆ ಅದರ ಉತ್ತರ ದೊರೆಯುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೊಲದ ಬದುವಿನಲ್ಲಿ ನಿಂತವರ ಮುಖ ಕಾಣುತ್ತದೆ, ಅವರು ಎತ್ತಿದ ಕೈ ಕಾಣುತ್ತದೆ, ನಿಂತು ಮಾತಾಡಲು ಸಮಯವಿರುತ್ತದೆ. ಸಣ್ಣ ಚಕ್ರಗಳಾದ್ದರಿಂದ ತಗ್ಗುಗಳನ್ನು ನೋಡಿಯೇ ಸಾಗಬೇಕು. ಎಷ್ಟೋ ಜನ ಗಾಡಿಯ ಸಪ್ಪಳ ಕೇಳಿ, "ಮಾಸ್ತರ ಗಾಡಿ ಬಂತು" ಎನ್ನುತ್ತಾರೆ. ಇಂದಿಗೂ ಅದು ನನ್ನ ಗಾಡಿಯಾಗಿಲ್ಲ. ಆಗಬೇಕೆಂಬ ಆಸೆಯೂ ನನಗಿಲ್ಲ.

ಕಳೆದ ಬೇಸಿಗೆಯಲ್ಲಿ ಐ.ಟಿ.ಐ. ಓದುತ್ತಿರುವ ಹುಡುಗನೊಬ್ಬನನ್ನು ಆ ಮಿಸ್ತ್ರಿಯವರ ಬಳಿ ಕರೆದೊಯ್ದೆ. ಮೊದಲ ದಿನ ಅವನಿಗೆ ಬೇಸರವಿತ್ತು. ನಾಲ್ಕನೆಯ ವಾರ ಅವನೇ ಮ್ಯಾಗ್ನೆಟ್ಟಿನ ಕಿಂಡಿಯಿಂದ ಪಾಯಿಂಟಿನ ಅಂತರ ಸರಿಪಡಿಸಿದ. ಮಿಸ್ತ್ರಿಯವರು ಏನೂ ಹೇಳಲಿಲ್ಲ. ಕಿಕ್ ಹೊಡೆದು, ಎಂಜಿನ್ ಹತ್ತಿದಾಗ ಕಣ್ಣುಮುಚ್ಚಿ ಕೇಳಿ, ತಲೆಯಾಡಿಸಿದರು. ಅವನು ಈ ವಿದ್ಯೆಯನ್ನು ಮುಂದುವರಿಸುವನೇ, ಬೇರೆ ಊರಿಗೆ ಹೋಗುವನೇ ಎಂಬುದು ಅವನ ಬದುಕಿಗೆ ಬಿಟ್ಟದ್ದು. ಆದರೆ ಒಂದು ಜೊತೆ ಎಳೆಯ ಕೈಗಳಿಗೆ ಅದು ದಾಟಿದೆ.

ಆದ್ದರಿಂದ ನಿಮ್ಮಲ್ಲಿ ನನ್ನದೊಂದು ವಿನಂತಿ. ಅಟ್ಟದ ಮೇಲಿನ ವಸ್ತುವನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಕೆಳಗಿಳಿಸಿರಿ. ಅದನ್ನು ಸರಿಪಡಿಸಬಲ್ಲ ಹಿರಿಯರು ನಿಮ್ಮ ಊರಿನಲ್ಲಿ ಇನ್ನೂ ಇದ್ದರೆ ಅವರ ಬಳಿಗೆ ಒಯ್ಯಿರಿ. ಹೋಗುವಾಗ ಮನೆಯ ಮಗನನ್ನೋ ಮಗಳನ್ನೋ ಜೊತೆಗೆ ಕರೆದುಕೊಂಡು ಹೋಗಿರಿ. ವಸ್ತು ಸರಿಹೋಗಬಹುದು, ಹೋಗದಿರಬಹುದು. ಮಕ್ಕಳು ಮಾತ್ರ ಒಬ್ಬ ಬಲ್ಲವರ ಕೈ ಕೆಲಸ ಮಾಡುವುದನ್ನು ಹತ್ತಿರದಿಂದ ಕಂಡಿರುತ್ತಾರೆ.