ಒಂದೇ ಅಳಿವೆ ಸಾಕು, ಅಕ್ಕಾ

ಕುಮಟಾ,
ಕಾರ್ತಿಕ ಮಾಸ

ಪ್ರೀತಿಯ ಅಕ್ಕನಿಗೆ,

ಡಿಸೆಂಬರ್ ಕೊನೆಯ ರಜೆಗೆ ತುಮಕೂರಿನಿಂದ ಕಾರಿನಲ್ಲಿ ಹೊರಟು, ಮಕ್ಕಳಿಬ್ಬರ ಮತ್ತು ಅತ್ತೆಯವರ ಜೊತೆ ಕರಾವಳಿ ನೋಡಿ ಬರಲು ನೀನೂ ಭಾವನವರೂ ಹಾಕಿಕೊಂಡ ಪಟ್ಟಿಗೆ ಕುಮಟಾದಿಂದಲೇ ಉತ್ತರ ಬರೆಯುತ್ತಿದ್ದೇನೆ. ಮೂರು ದಿನಕ್ಕೆ ಮಂಗಳೂರು, ಉಡುಪಿ, ಮಲ್ಪೆ, ಕೊಲ್ಲೂರು, ಮುರ್ಡೇಶ್ವರ, ಇಡಗುಂಜಿ, ಗೋಕರ್ಣ ಎಂದು ಬರೆದಿದ್ದೀರಿ. ಒಂದೊಂದೂ ನೋಡತಕ್ಕ ಊರೇ, ಅದರಲ್ಲಿ ತಕರಾರಿಲ್ಲ. ಆದರೆ ನಾಲ್ಕು ವರ್ಷದವನನ್ನೂ ಏಳು ವರ್ಷದವಳನ್ನೂ ಕರೆದುಕೊಂಡು ಹೊರಟವರಿಗೆ ಈ ಪಟ್ಟಿಯಿಂದ ಕಾಣಸಿಗುವುದು ಬಹುಪಾಲು 66ನೇ ರಾಷ್ಟ್ರೀಯ ಹೆದ್ದಾರಿ. ಮಂಗಳೂರಿನಿಂದ ಗೋಕರ್ಣಕ್ಕೇ 200 ಕಿಲೋಮೀಟರಿಗಿಂತ ಹೆಚ್ಚು; ಕೊಲ್ಲೂರಿಗೆ ಹೋಗಿ ಬರುವ ದಾರಿ ಅದರ ಮೇಲೆ. ಪ್ರತಿ ರಾತ್ರಿ ಬೇರೆ ಊರು, ಪ್ರತಿ ಬೆಳಿಗ್ಗೆ ಚೀಲ ಕಟ್ಟುವ ಕೆಲಸ. ಪಟ್ಟಿಯನ್ನು ಮಡಚಿಟ್ಟು ಒಂದೇ ಅಳಿವೆಯ ಪಕ್ಕ ಮೂರು ರಾತ್ರಿ ಉಳಿಯಿರಿ ಎನ್ನುವುದು ನನ್ನ ಸಲಹೆ. ಅದು ಮಕ್ಕಳಿಗೆ ಸುಲಭ ಎಂಬ ಕಾರಣಕ್ಕೆ ಮಾತ್ರ ಹೇಳುತ್ತಿಲ್ಲ. ಹಾಗೆ ಉಳಿದರೆ ಕರಾವಳಿ ಹೆಚ್ಚು ಕಾಣುತ್ತದೆ ಎಂದೇ ಹೇಳುತ್ತಿದ್ದೇನೆ.

ನಮ್ಮ ಬಯಲುಸೀಮೆಯಲ್ಲಿ ಹೊಸದನ್ನು ನೋಡಬೇಕಾದರೆ ನಾವು ಊರು ಬಿಟ್ಟು ಊರಿಗೆ ಹೋಗಬೇಕು. ಬೆಟ್ಟ, ಕೆರೆ, ಗುಡಿ ಇದ್ದಲ್ಲೇ ಇರುತ್ತವೆ. ಸಮುದ್ರ ತೀರದಲ್ಲಿ ಹಾಗಲ್ಲ. ಇಲ್ಲಿ ನಾವು ಕೂತಲ್ಲೇ ಕೂತರೂ ಜಾಗ ಬದಲಾಗುತ್ತದೆ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಇಂದು ಬೆಳಿಗ್ಗೆ 7 ಗಂಟೆಗೆ ನೀರು ತುಂಬಿದ್ದರೆ ನಾಳೆ 7.50ರ ಸುಮಾರಿಗೆ, ನಾಲ್ಕನೆಯ ದಿನ ಒಂಬತ್ತೂವರೆಯ ಹೊತ್ತಿಗೆ ತುಂಬುತ್ತದೆ. ಅಂದರೆ ದಿನವೂ ಅದೇ ಹೊತ್ತಿಗೆ ಅದೇ ದಂಡೆಗೆ ಹೋದ ಮಗುವಿಗೆ ಒಂದು ದಿನ ನೀರು ತೆಂಗಿನ ಬುಡದ ಹತ್ತಿರ ಸಿಕ್ಕರೆ ಇನ್ನೊಂದು ದಿನ ದೂರ ಸರಿದು ಒದ್ದೆ ಹೊಯ್ಗೆ ಸಿಗುತ್ತದೆ. ಅಮಾವಾಸ್ಯೆ ಹುಣ್ಣಿಮೆಯ ಸುಮಾರಿಗೆ ಏರಿಳಿತ ದೊಡ್ಡದು, ಅಷ್ಟಮಿಯ ಸುಮಾರಿಗೆ ಚಿಕ್ಕದು. ಮೂರು ಊರಿನಲ್ಲಿ ಒಂದೊಂದು ಗಂಟೆ ನಿಂತವರಿಗೆ ಈ ಬದಲಾವಣೆ ಕಾಣುವುದೇ ಇಲ್ಲ, ಯಾಕೆಂದರೆ ನಿನ್ನೆಯ ದಂಡೆ ಬೇರೆ, ಇಂದಿನದು ಬೇರೆ; ಹೋಲಿಸಿ ನೋಡಲು ಏನೂ ಕೈಯಲ್ಲಿ ಉಳಿದಿರುವುದಿಲ್ಲ. ಚಿಕ್ಕ ಮಕ್ಕಳು ಹೇಳಿದ ಕತೆಯನ್ನೇ ಮತ್ತೆ ಹೇಳು ಎಂದು ಪೀಡಿಸುವುದೂ ಇದೇ ಕಾರಣಕ್ಕೆ ಎಂದು ನನಗೆ ಅನಿಸುತ್ತದೆ. ಮೊದಲ ಸಲ ಅವರು ಕೇಳುತ್ತಾರೆ, ಎರಡನೆಯ ಸಲ ಮುಂದೇನಾಗುತ್ತದೆಂದು ಊಹಿಸುತ್ತಾರೆ, ಮೂರನೆಯ ಸಲ ತಪ್ಪು ಹಿಡಿಯುತ್ತಾರೆ. ಸಮುದ್ರವನ್ನೂ ಅವರು ಹಾಗೇ ಓದಬೇಕು.

ಬರೀ ಸಮುದ್ರ ಎನ್ನದೆ ಅಳಿವೆ ಎಂದು ಯಾಕೆ ಒತ್ತಿ ಹೇಳುತ್ತೇನೆಂದರೆ, ಹೊಳೆ ಸಮುದ್ರ ಸೇರುವ ಜಾಗದಲ್ಲಿ ಮಗುವಿನ ಎತ್ತರಕ್ಕೆ ಕಾಣುವ ಸಂಗತಿಗಳು ಹೆಚ್ಚು. ಅಘನಾಶಿನಿಯನ್ನೇ ತೆಗೆದುಕೋ. ಶಿರಸಿ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ದಾರಿಯಲ್ಲಿ ಒಂದೂ ದೊಡ್ಡ ಅಣೆಕಟ್ಟು ಇಲ್ಲದೆ ಕುಮಟಾದ ಹತ್ತಿರ ಸಮುದ್ರ ಸೇರುವ ಹೊಳೆ ಇದು. ಈ ಅಳಿವೆಯ ದಡದ ತದಡಿಯಲ್ಲಿ ಕಲ್ಲಿದ್ದಲಿನ ಭಾರೀ ವಿದ್ಯುತ್ ಸ್ಥಾವರ ಕಟ್ಟುವ ಯೋಚನೆ ಒಮ್ಮೆ ಬಂದಿತ್ತು. ಜನರ ವಿರೋಧದ ನಂತರ ಅದನ್ನು ಕೈಬಿಟ್ಟರು. 2024ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ನೀರು ಇಳಿದಾಗ ಸೊಂಟದವರೆಗಿನ ನೀರಿನಲ್ಲಿ ನಿಂತು ಬಳಚು ಆರಿಸುವವರು ಕಾಣುತ್ತಾರೆ. ಎಷ್ಟೋ ಮನೆಗಳು ಈ ಚಿಪ್ಪಿನ ಮೇಲೆ ನಿಂತಿವೆ. ದಂಡೆಯ ಕೆಸರಿನಲ್ಲಿ ಕಾಂಡ್ಲಾ ಗಿಡಗಳ ಬೇರು ಮೇಲ್ಮುಖವಾಗಿ, ನೆಟ್ಟ ಕಡ್ಡಿಗಳ ಹಾಗೆ ಎದ್ದು ನಿಂತಿರುತ್ತದೆ. ಕೆಸರಿನೊಳಗೆ ಗಾಳಿ ಸಾಲದ್ದರಿಂದ ಗಿಡ ಬೇರನ್ನೇ ಹೊರಗೆ ಕಳಿಸಿ ಉಸಿರಾಡುತ್ತದೆ. ಇದನ್ನು ಏಳು ವರ್ಷದವಳಿಗೆ ವಿವರಿಸಲು ಪುಸ್ತಕ ಬೇಡ, ಬೆರಳು ತೋರಿಸಿದರೆ ಸಾಕು. ಇನ್ನು ಗಜನಿ ಗದ್ದೆಗಳು. ಮಳೆಗಾಲದಲ್ಲಿ ಸಿಹಿನೀರು ತುಂಬಿದಾಗ ಅಲ್ಲಿ ಉಪ್ಪನ್ನೂ ನೆರೆಯನ್ನೂ ತಾಳುವ ಕಗ್ಗ ಭತ್ತ ಬೆಳೆಯುತ್ತಾರೆ. ಕೊಯ್ಲಾದ ಮೇಲೆ ಕಟ್ಟೆಯ ಬಾಗಿಲು ತೆರೆದು ಉಬ್ಬರದ ಉಪ್ಪುನೀರನ್ನು ಒಳಗೆ ಬಿಟ್ಟರೆ ಅದೇ ಗದ್ದೆಯಲ್ಲಿ ಮೀನು, ಸೀಗಡಿ; ಇಲ್ಲಿಯವರ ಬಾಯಲ್ಲಿ ಶೆಟ್ಲಿ. ಭತ್ತದ ಗದ್ದೆಯಲ್ಲಿ ಸಮುದ್ರದ ಮೀನು ಹಿಡಿಯುವುದನ್ನು ತುಮಕೂರಿನ ಮಗು ಬೇರೆಲ್ಲಿ ನೋಡೀತು? ಗೋಕರ್ಣದ ಹಾದಿಯ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರಗಳಿವೆ. ಡಿಸೆಂಬರಿನಲ್ಲಿ ಉಪ್ಪಿನ ರಾಶಿ ಕಾಣದಿರಬಹುದು, ಅದು ಬಿಸಿಲು ಬಲಿತ ಮೇಲಿನ ಕೆಲಸ. ಆದರೂ ಆ ಮಣ್ಣಿನ ಮಡಿಗಳನ್ನು ತೋರಿಸಿದರೆ ಮನೆಯ ಉಪ್ಪಿನ ಡಬ್ಬಿಗೆ ಒಂದು ಊರು ಸಿಗುತ್ತದೆ. ಇವೆಲ್ಲ ಒಂದೇ ಅಳಿವೆಯ ಸುತ್ತಮುತ್ತ ಇವೆ ಎಂಬುದನ್ನು ಗಮನಿಸು.

ಈಗ ದಾರಿಯ ಮಾತು. ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಭದ್ರಾವತಿ ದಾಟಿ ಶಿವಮೊಗ್ಗಕ್ಕೆ ಸುಮಾರು 200 ಕಿಲೋಮೀಟರ್. ಅಲ್ಲಿಂದ ಸಾಗರಕ್ಕೆ 70ರಷ್ಟು. ಸಾಗರದಿಂದ ಜೋಗ, ಗೇರುಸೊಪ್ಪೆಯ ಘಟ್ಟ, ಹೊನ್ನಾವರ, ಮತ್ತೆ ಕುಮಟಾ ಎಂದರೆ ಇನ್ನೂ 100 ಕಿಲೋಮೀಟರಿನ ಮೇಲೆ. ಒಂದೇ ದಿನದಲ್ಲಿ ಮುಗಿಸಬಹುದು ಎಂದು ಭಾವನವರು ಹೇಳಬಹುದು, ಲೆಕ್ಕದಲ್ಲಿ ಅದು ತಪ್ಪೂ ಅಲ್ಲ. ಆದರೆ ಬೆಳಿಗ್ಗೆಯಿಂದ ಕೂತು ದಣಿದ ಮಕ್ಕಳು ಘಟ್ಟದ ತಿರುವಿಗೆ ಸಿಗುವುದು ಸಂಜೆ, ಮೈಯಲ್ಲಿ ತ್ರಾಣ ಕಡಿಮೆ ಇರುವ ಹೊತ್ತಿನಲ್ಲಿ. ಕಾರಿನಲ್ಲಿ ವಾಂತಿಯಾಗುವ ತೊಂದರೆ ಎರಡರಿಂದ ಹನ್ನೆರಡು ವರ್ಷದ ಮಕ್ಕಳಲ್ಲಿ ಹೆಚ್ಚು. ಕಿವಿಯ ಒಳಗಿನ ಸಮತೋಲದ ಅಂಗ ‘ತಿರುಗುತ್ತಿದ್ದೇವೆ’ ಎನ್ನುತ್ತದೆ, ಮಡಿಲಲ್ಲಿಟ್ಟ ಮೊಬೈಲ್ ನೋಡುವ ಕಣ್ಣು ‘ಇಲ್ಲ, ನಿಂತಿದ್ದೇವೆ’ ಎನ್ನುತ್ತದೆ. ಎರಡೂ ಹೊಂದದೆ ಹೊಟ್ಟೆ ತೊಳಸುತ್ತದೆ. ಹಾಗಾಗಿ ಘಟ್ಟದಲ್ಲಿ ಮೊಬೈಲ್ ಕೊಡಬೇಡ, ಮುಂದಿನ ಗಾಜಿನಿಂದ ದೂರದ ರಸ್ತೆ ನೋಡಲು ಹೇಳು. ಇಳಿಯುವಾಗ ಕಿವಿ ಕಟ್ಟಿಕೊಂಡರೆ ನೀರು ಗುಟುಕರಿಸಲಿ. ಚಿಕ್ಕವನನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದಂತೂ ಬೇಡವೇ ಬೇಡ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಮೇಲೆ ಹದಿನಾಲ್ಕಕ್ಕಿಂತ ಚಿಕ್ಕ ಮಕ್ಕಳಿಗೆ ಸೀಟ್ ಬೆಲ್ಟ್ ಅಥವಾ ಮಕ್ಕಳ ಆಸನ ಕಡ್ಡಾಯ, ತಪ್ಪಿದರೆ 1,000 ರೂಪಾಯಿ ದಂಡ. ದಂಡದ ಮಾತು ಹಾಗಿರಲಿ, ಜೋರಾಗಿ ಬ್ರೇಕ್ ಹಾಕಿದಾಗ ತಾಯಿಯ ತೋಳು ಮಗುವನ್ನು ಹಿಡಿದು ನಿಲ್ಲಿಸಲಾರದು. ಆದ್ದರಿಂದ ಮೊದಲ ರಾತ್ರಿ ಸಾಗರದಲ್ಲಿ ತಂಗಿ, ಮರುದಿನ ಹಗುರವಾಗಿ ತಿಂಡಿ ತಿಂದು ಬೆಳಗಿನಲ್ಲೇ ಘಟ್ಟ ಇಳಿಯಿರಿ. ಆಗ ದಾರಿಯೂ ಪ್ರವಾಸವಾಗುತ್ತದೆ. ತಿಪಟೂರಿನ ಕೊಬ್ಬರಿಯ ತೆಂಗು, ಸಾಗರದ ಅಡಿಕೆ ತೋಟ, ಘಟ್ಟದ ಕಾಡು, ಕೆಳಗೆ ಮತ್ತೆ ತೆಂಗು, ಆದರೆ ಈ ಸಲ ಮನೆಯ ಗೋಡೆ ಕೆಂಪು ಮುರಕಲ್ಲಿನದು. ಕಿಟಕಿಯ ಹೊರಗೆ ನಾಡು ನಾಲ್ಕು ಸಲ ಬಣ್ಣ ಬದಲಿಸುವುದನ್ನು ಮಕ್ಕಳು ಎಚ್ಚರವಾಗಿದ್ದು ನೋಡಬೇಕು.

ಇಷ್ಟು ಕಷ್ಟವಾದರೆ ರೈಲಿನಲ್ಲೇ ಬರಬಾರದೇ ಎಂದು ಕೇಳಬಹುದು. ಅದು ನ್ಯಾಯವಾದ ಪ್ರಶ್ನೆ. ಬೆಂಗಳೂರಿನಲ್ಲಿದ್ದಿದ್ದರೆ ಸಕಲೇಶಪುರದ ಘಟ್ಟ ಇಳಿದು ಕಾರವಾರಕ್ಕೆ ಬರುವ ರೈಲನ್ನೇ ಹತ್ತು ಎನ್ನುತ್ತಿದ್ದೆ. ನಿಮ್ಮ ಊರಿನ ಕಡೆಯ ಹಳಿ ಶಿವಮೊಗ್ಗ, ಸಾಗರ ದಾಟಿ ತಾಳಗುಪ್ಪದಲ್ಲಿ ಮುಗಿಯುತ್ತದೆ. ಕೆಳಗೆ ಹೊನ್ನಾವರದಲ್ಲಿ ಕೊಂಕಣ ರೈಲು ಇದೆ, ಆದರೆ ಇವೆರಡರ ನಡುವಿನ ಘಟ್ಟಕ್ಕೆ ಹಳಿ ಇಲ್ಲ. ಅದಕ್ಕೇ ಈ ದಾರಿಗೆ ಕಾರು ಸರಿ ಎಂದದ್ದು.

ಅತ್ತೆಯವರ ದೇವರ ದರ್ಶನದ ಆಸೆಯನ್ನು ಬದಿಗಿಡು ಎಂದು ನಾನು ಹೇಳುವುದಿಲ್ಲ; ಈ ವಯಸ್ಸಿನಲ್ಲಿ ಅಷ್ಟು ದೂರ ಬರುವವರ ಆಸೆ ಅದು. ಗೋಕರ್ಣ ಈ ಅಳಿವೆಯ ಆಚೆ ದಡದ್ದು. ಇಡಗುಂಜಿ ಹೊನ್ನಾವರದ ಆಚೆ, ಒಂದು ಬೆಳಿಗ್ಗೆಯಲ್ಲಿ ಹೋಗಿ ಊಟದ ಹೊತ್ತಿಗೆ ಮರಳಬಹುದು. ಎರಡಕ್ಕೂ ವಾಸದ ಮನೆ ಬದಲಿಸಬೇಕಿಲ್ಲ. ಕೊಲ್ಲೂರನ್ನು ಮಾತ್ರ ಈ ಸಲ ಬಿಡಿ, ಅದಕ್ಕೆ ಬೇರೆಯೇ ಒಂದು ಯಾತ್ರೆ ಆಗಬೇಕು. ಒಂದೇ ಊರಿನಲ್ಲಿ ಮಕ್ಕಳಿಗೆ ಬೇಸರವಾಗುತ್ತದೆ ಎನ್ನುವುದು ಇನ್ನೊಂದು ಮಾತು. ಬೇಸರ ನಮಗೆ ಬರುತ್ತದೆ, ಅದನ್ನು ಅವರ ತಲೆಗೆ ಕಟ್ಟುತ್ತೇವೆ ಎಂದು ನನಗೆ ಬಹಳ ಸಲ ಅನಿಸಿದೆ. ಹೊಯ್ಗೆ, ನೀರು, ಓಡಿ ಬಿಲ ಸೇರುವ ಏಡಿ ಇದ್ದಲ್ಲಿ ಚಿಕ್ಕವರಿಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಒಂದು ದಿನ ಬದಲಾವಣೆ ಬೇಕೇ ಬೇಕೆಂದರೆ ಕುಮಟಾದ ಹತ್ತಿರವೇ ಮಿರ್ಜಾನ್ ಕೋಟೆ ಇದೆ. ಮುರಕಲ್ಲಿನ ದಪ್ಪ ಗೋಡೆ, ಸುತ್ತ ಕಂದಕ. ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರು ಆ ಕೋಟೆಗೆ ಅಂಟಿಕೊಂಡಿದೆ. ಸಾಂಬಾರಿನ ಒಗ್ಗರಣೆಯಿಂದ ಶುರುಮಾಡಿ ಆ ಕತೆಯನ್ನು ಮಕ್ಕಳಿಗೆ ಹೇಳಬಹುದು. ನಾಲ್ಕು ವರ್ಷದವನಿಗೆ ಇದೆಲ್ಲ ನೆನಪಿರುವುದಿಲ್ಲ, ದುಡ್ಡು ದಂಡ ಎನ್ನುವವರೂ ಇದ್ದಾರೆ. ನೆನಪಿರಲಿಕ್ಕಿಲ್ಲ, ಒಪ್ಪಿದೆ. ಅವನು ಕಲಿತ ಮಾತುಗಳೂ ಯಾವ ದಿನ ಕಲಿತದ್ದೆಂದು ಅವನಿಗೆ ನೆನಪಿರುವುದಿಲ್ಲ; ಮಾತು ಮಾತ್ರ ಉಳಿದಿರುತ್ತದೆ.

ಎಲ್ಲಕ್ಕಿಂತ ಗಟ್ಟಿಯಾಗಿ ಹೇಳಬೇಕಾದ ಕಾರಣ ನೀರಿನ ಅಪಾಯ. 2024ರ ಡಿಸೆಂಬರಿನಲ್ಲಿ ಶಾಲೆಯ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಸಮುದ್ರದಲ್ಲಿ ತೀರಿಕೊಂಡರು. ಅದು ಮಳೆಗಾಲವಲ್ಲ ಎಂಬುದನ್ನು ಮರೆಯಬೇಡ. ದಂಡೆಗೆ ಬಡಿದ ನೀರು ಹಿಂದಿರುಗುವಾಗ ಒಂದೆಡೆ ಒಟ್ಟುಗೂಡಿ ಹೊಳೆಯಂತೆ ಒಳಕ್ಕೆ ಎಳೆಯುತ್ತದೆ. ಆ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆ, ಆದ್ದರಿಂದ ತಿಳಿಯದವರಿಗೆ ಅದೇ ಶಾಂತವಾಗಿ ಕಾಣುತ್ತದೆ. ಇಳಿತದ ಹೊತ್ತಿನಲ್ಲಿ ಅಳಿವೆಯ ಬಾಯಿಯಲ್ಲೂ ಸೆಳೆತ ಜೋರು. ಅಲ್ಲಿ ಯಾರೂ ಇಳಿಯಬಾರದು, ದೊಡ್ಡವರೂ ಕೂಡ. ಒಂದು ಗಂಟೆಗೆಂದು ಬಂದವರಿಗೆ ಇವನ್ನು ತಿಳಿಯಲು ಪುರುಸೊತ್ತಿಲ್ಲ, ಬಂದದ್ದಕ್ಕೆ ನೀರಿಗೆ ಇಳಿಯಲೇಬೇಕೆಂಬ ಅವಸರ ಬೇರೆ. ಮೂರು ದಿನ ಉಳಿಯುವವರು ಮೊದಲ ದಿನ ಬರೀ ನೋಡಬಹುದು, ಊರಿನ ಮೀನುಗಾರರನ್ನು ಎಲ್ಲಿ ಇಳಿಯಬಹುದೆಂದು ಕೇಳಬಹುದು, ನಾಳೆ ಇದ್ದೇ ಇದೆ ಎಂದು ಮಕ್ಕಳಿಗೆ ಹೇಳಿ ಹೊರಗೆ ಕರೆಯಬಹುದು. ಮಕ್ಕಳ ಮೊಣಕಾಲಿನ ಮೇಲೆ ನೀರು ಬೇಡ. ದೊಡ್ಡವರೊಬ್ಬರು ಕೈಗೆ ಎಟಕುವಷ್ಟು ಹತ್ತಿರ ನಿಂತಿರಲಿ, ಆ ಹೊತ್ತಿಗೆ ಅವರ ಕೈಯಲ್ಲಿ ಮೊಬೈಲ್ ಇರದಿರಲಿ. ಆಟಕ್ಕೆ ಬೆಳಗಿನ ಹೊತ್ತು ಒಳ್ಳೆಯದು: ಈ ತೀರ ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಬೆಳಗಿನ ಬಿಸಿಲಿಗೆ ತೆಂಗಿನ ತೋಟದ ನೆರಳು ಸಮುದ್ರದ ಕಡೆಗೇ ಬೀಳುತ್ತದೆ. ಸಂಜೆಯ ಬಿಸಿಲು ಮುಖಕ್ಕೇ ಹೊಡೆಯುತ್ತದೆ. ಹೊನ್ನಾವರದ ಕಾಸರಕೋಡು ತೀರಕ್ಕೆ 2020ರಲ್ಲಿ, ಶುಚಿಯಾದ ಸುರಕ್ಷಿತ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿತು. ಕಾವಲಿನವರು, ಬಟ್ಟೆ ಬದಲಿಸುವ ಕೋಣೆ, ಶೌಚಾಲಯ ಇರುವ ಅಂಥ ಕಡೆಯೇ ನೀರಾಟವಾಗಲಿ.

ಖರ್ಚಿನ ಲೆಕ್ಕವನ್ನು ಭಾವನವರು ಹಾಕಲಿ. ದಿನ ಹೆಚ್ಚಾದರೂ ಪೆಟ್ರೋಲು ಕಡಿಮೆಯಾಗುತ್ತದೆ. ಮನೆಯೊಂದರಲ್ಲಿ ಒಟ್ಟಿಗೆ ಉಳಿದರೆ ಮಕ್ಕಳಿಗೆ ಒಂದು ಹೊತ್ತು ಗಂಜಿಯನ್ನೋ ನೀರುದೋಸೆಯನ್ನೋ ಅಲ್ಲೇ ಮಾಡಿಸಬಹುದು, ದಿನವೂ ಹೋಟೆಲ್ ಊಟ ತಿಂದು ಹೊಟ್ಟೆ ಕೆಡುವುದಿಲ್ಲ. ಪಂಚಾಂಗ ನೋಡಿ ಅಮಾವಾಸ್ಯೆಗೋ ಹುಣ್ಣಿಮೆಗೋ ಹತ್ತಿರದ ದಿನಗಳನ್ನು ಹಿಡಿ. ನೀರು ಹೆಚ್ಚು ಕೆಳಕ್ಕೆ ಇಳಿಯುವುದರಿಂದ ಬಳಚು, ಏಡಿ, ಕಾಂಡ್ಲಾದ ಬೇರು ಎಲ್ಲ ಚೆನ್ನಾಗಿ ಕಾಣುತ್ತವೆ. ಹೋಗುವಾಗ ಸಾಗರದಲ್ಲಿ ಒಂದು ರಾತ್ರಿ, ಇಲ್ಲಿ ಮೂರು, ಮರಳುವಾಗ ಶಿವಮೊಗ್ಗದಲ್ಲಿ ಒಂದು. ಒಟ್ಟು ಆರು ದಿನ ಬೇಕು. ಭಾವನವರು ರಜೆಗೆ ಅರ್ಜಿ ಬರೆಯುವ ಮೊದಲು ಈ ಪತ್ರವನ್ನು ಅವರಿಗೆ ಓದಿ ಹೇಳು.

ಅತ್ತೆಯವರಿಗೆ ನನ್ನ ನಮಸ್ಕಾರ, ಮಕ್ಕಳಿಗೆ ಮುತ್ತು.

ನಿನ್ನ ತಮ್ಮ