ಒಪ್ಪುವ ಬಣ್ಣ

ಸೀರೆಯನ್ನು ಕೊಳ್ಳುವುದು ಅರ್ಧ ದಿನದ ಕೆಲಸ. ಆ ಸೀರೆಗೆ ಒಪ್ಪುವ ರವಿಕೆಯ ಬಟ್ಟೆಯನ್ನು ಹುಡುಕುವುದು ಅರ್ಧ ವಾರದ ಕೆಲಸ. ಈ ಲೆಕ್ಕವು ಗಂಡಸರಿಗೆ ಸುಲಭವಾಗಿ ಅರ್ಥವಾಗುವಂತಹುದಲ್ಲ. ಅಂಗಡಿಯ ಹೊರಗೆ ನೆರಳನ್ನು ಹುಡುಕಿ ನಿಂತ ಯಜಮಾನರು ಗಡಿಯಾರವನ್ನು ಮೂರು ಬಾರಿ ನೋಡುವಷ್ಟರಲ್ಲಿ, ಒಳಗೆ ಗೃಹಿಣಿಯು ಹನ್ನೊಂದು ಹಸಿರುಗಳನ್ನು ತಿರಸ್ಕರಿಸಿರುತ್ತಾಳೆ. ಯಜಮಾನರ ಕಣ್ಣಿಗೆ ಆ ಹನ್ನೊಂದೂ ಒಂದೇ ಹಸಿರು.

ಬೆಂಗಳೂರಿನಲ್ಲಾಗಲಿ, ಮೈಸೂರು ಹುಬ್ಬಳ್ಳಿಗಳಲ್ಲಾಗಲಿ ‘ಮ್ಯಾಚಿಂಗ್ ಸೆಂಟರ್’ ಎಂಬ ಫಲಕವಿಲ್ಲದ ಪೇಟೆಬೀದಿ ಅಪರೂಪ. ಒಳಗೆ ನೆಲದಿಂದ ಸೂರಿನವರೆಗೆ ರೂಬಿಯಾ ಬಟ್ಟೆಯ ಸುರುಳಿಗಳು, ಪುಸ್ತಕ ಭಂಡಾರದಲ್ಲಿ ಹೊತ್ತಗೆಗಳನ್ನು ಜೋಡಿಸಿದಂತೆ. ಕೆಂಪೊಂದಕ್ಕೇ ಇಡೀ ಒಂದು ಕಪಾಟು. ಅಂಗಡಿಯ ಹುಡುಗನು ಗಿರಾಕಿಯ ಸೀರೆಯ ಅಂಚನ್ನು ಕಂಡೊಡನೆಯೇ ಏಣಿಯನ್ನೇರಿ ಒಂದು ಸುರುಳಿಯನ್ನು ಎಳೆದು ತರುತ್ತಾನೆ. ಆದರೆ ಅನುಭವವುಳ್ಳ ಗೃಹಿಣಿ ಅದನ್ನು ಅಲ್ಲಿಯೇ ಒಪ್ಪಿಬಿಡುವುದಿಲ್ಲ. ಸುರುಳಿಯ ತುದಿಯನ್ನೂ ಸೀರೆಯ ತುದಿಯನ್ನೂ ಒಟ್ಟಿಗೆ ಹಿಡಿದು ಬಾಗಿಲಿನವರೆಗೆ ನಡೆಯುತ್ತಾಳೆ, ಬಿಸಿಲಿನಲ್ಲಿ ನೋಡುತ್ತಾಳೆ, ತಲೆಯಾಡಿಸಿ ಹಿಂದಕ್ಕೆ ಬರುತ್ತಾಳೆ.

ಇದು ಚಪಲವಲ್ಲ, ಇದರಲ್ಲಿ ಶಾಸ್ತ್ರವಿದೆ. ಬಟ್ಟೆಗೆ ಸ್ವಂತ ಬೆಳಕಿಲ್ಲ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಕೆಲವನ್ನು ಹೀರಿಕೊಂಡು ಉಳಿದುದನ್ನು ಕಣ್ಣಿಗೆ ಕಳುಹುವುದಷ್ಟೇ ಅದರ ಕೆಲಸ. ಹಳದಿ ಬಲ್ಬಿನ ಬೆಳಕಿನಲ್ಲಿ ನೀಲಿಯ ಪಾಲು ಕಡಮೆ. ಆದುದರಿಂದ ಅದರ ಕೆಳಗೆ ಕೆಂಪು ಉರಿಯುತ್ತದೆ, ನೀಲಿ ಮಂಕಾಗುತ್ತದೆ. ಬೇರೆ ಬೇರೆ ಬಣ್ಣದ ಪುಡಿಗಳಲ್ಲಿ ಅದ್ದಿದ ಎರಡು ಬಟ್ಟೆಗಳು ಒಂದು ದೀಪದ ಕೆಳಗೆ ಅವಳಿ ಮಕ್ಕಳಂತೆ ಕಂಡು, ಬೀದಿಯ ಬಿಸಿಲಿಗೆ ಬಂದೊಡನೆ ಸವತಿಯರಂತೆ ಮುಖ ತಿರುಗಿಸುವುದುಂಟು. ಬಾಗಿಲಿನವರೆಗೆ ನಡೆದ ಆ ಹತ್ತು ಹೆಜ್ಜೆ ಗೃಹಿಣಿಯ ಹಣವನ್ನು ಎಷ್ಟು ಬಾರಿ ಉಳಿಸಿದೆಯೋ ಲೆಕ್ಕವಿಟ್ಟವರಿಲ್ಲ.

ಇಂತಹ ಒಂದು ಅಂಗಡಿಗೆ ಒಬ್ಬ ತಾಯಿ ತನ್ನ ಇಬ್ಬರು ಹೆಣ್ಣುಮಕ್ಕಳೊಡನೆ ವರ್ಷಕ್ಕೆ ಮೂರು ನಾಲ್ಕು ಬಾರಿ ಹೋಗುತ್ತಿದ್ದಳು. ಹಿರಿಯಳು ತಂದೆಯಂತೆ ಕೆಂಪು ಬಿಳುಪು. ಕಿರಿಯಳು ತಾಯಿಯಂತೆ ಕಪ್ಪು. ಅಂಗಡಿಯಾತನಿಗೆ ಹೇಳಬೇಕಾದ ಅಗತ್ಯವೇ ಇರಲಿಲ್ಲ. ಹಿರಿಯಳ ಮುಂದೆ ನವಿಲುಗರಿ, ಗಿಳಿಹಸಿರು, ದಾಳಿಂಬೆ ಕೆಂಪು, ಬದನೆಕಾಯಿ ಬಣ್ಣ—ಇಡೀ ತೋಟವನ್ನೇ ಹರಡುತ್ತಿದ್ದನು. ಕಿರಿಯಳ ಮುಂದೆ ತಿಳಿಗುಲಾಬಿ, ಬಿಸ್ಕತ್ತು, ಬೂದಿ, ನೀರುಮಜ್ಜಿಗೆಯ ಬಿಳುಪು. “ಇವರಿಗೆ ತಿಳಿ ಬಣ್ಣಗಳೇ ಒಪ್ಪುವುದು, ಅಮ್ಮಾ” ಎಂಬ ಮಾತಿಗೆ ತಾಯಿ ತಲೆದೂಗುತ್ತಿದ್ದಳು. ಹುಡುಗಿಗೆ ಇಪ್ಪತ್ತೆರಡು ತುಂಬುವ ಹೊತ್ತಿಗೆ ಅವಳ ಕಪಾಟನ್ನು ತೆರೆದರೆ ಮೋಡ ಮುಸುಕಿದ ದಿನದಂತೆ ಕಾಣುತ್ತಿದ್ದಿತು. ಕಾಲೇಜನ್ನು ಮುಗಿಸಿ ಕೆಲಸಕ್ಕೆ ಸೇರಿ ತನ್ನ ಸಂಬಳದಿಂದ ಬಟ್ಟೆ ಕೊಳ್ಳುವಂತಾದ ಮೇಲೆಯೂ ಅವಳ ಕೈ ತಾನಾಗಿಯೇ ಬೂದಿಬಣ್ಣದ ಕಡೆಗೇ ಹೋಗುತ್ತಿದ್ದಿತು. ಅಭ್ಯಾಸವೂ ಒಂದು ಬಗೆಯ ಅಂಗಡಿಯಾತನೇ.

ಕನ್ನಡದಲ್ಲಿ ‘ಒಪ್ಪು’ ಎಂಬುದು ಬಲು ಅರ್ಥಗಳ ಮಾತು. ಹೊಂದಿಕೊಳ್ಳುವುದೂ ಒಪ್ಪುವುದೇ, ಸಮ್ಮತಿಸುವುದೂ ಒಪ್ಪುವುದೇ. ಸೊಗಸಿಗೂ ಹಿರಿಯರು ಅದೇ ಹೆಸರನ್ನಿಟ್ಟರು. ರವಿಕೆ ಸೀರೆಗೆ ಒಪ್ಪಬೇಕು. ಸೀರೆ ಉಟ್ಟವಳಿಗೆ ಒಪ್ಪಬೇಕು. ಉಟ್ಟವಳನ್ನು ನೋಡಲು ಬಂದವರು ಒಪ್ಪಬೇಕು. ಈ ಮೂರನೆಯ ಒಪ್ಪಿಗೆಯ ಭಯವೇ ಎಷ್ಟೋ ಮನೆಗಳಲ್ಲಿ ಮೊದಲಿನ ಎರಡನ್ನೂ ನಿರ್ಣಯಿಸಿಬಿಡುತ್ತದೆ.

ಒಂದು ಸಂಕ್ರಾಂತಿಗೆ ಬಾಗಲಕೋಟೆಯ ಕಡೆಯಿಂದ ಆ ಹುಡುಗಿಯ ಅಜ್ಜಿ—ತಾಯಿಯ ತಾಯಿ—ಬಂದಳು. ಎಳ್ಳು ಬೆಲ್ಲದ ಡಬ್ಬಿಯ ಜೊತೆಗೆ ಹಳೆಯ ಧೋತರದಲ್ಲಿ ಸುತ್ತಿದ ಗಂಟೊಂದನ್ನು ತಂದಿದ್ದಳು. ಗಂಟನ್ನು ಬಿಚ್ಚಿದಾಗ ಬೇವಿನೆಲೆಯ ವಾಸನೆಯೊಡನೆ ಹೊರಬಂದುದು ಒಂದು ಇಳಕಲ್ ಸೀರೆ. ಒಡಲು ಕಪ್ಪೋ ನೀಲಿಯೋ ಎಂದು ಹೇಳಲಾಗದ ಕಡುನೀಲಿ, ಅಂಚು ಕೆಂಪು, ಸೆರಗು ಕಣ್ಣು ಕೋರೈಸುವ ಕೆಂಪಿನ ಮೇಲೆ ಬಿಳಿಯ ತೆನೆತೆನೆ. ಜೊತೆಗೆ ಗುಳೇದಗುಡ್ಡದ ಒಂದು ಖಣ, ಅದು ಗಿಳಿಯ ಹಸಿರು.

ಹುಡುಗಿ ನಕ್ಕಳು. “ಅಜ್ಜೀ, ಇದರಲ್ಲಿ ಒಂದಕ್ಕೊಂದು ಮ್ಯಾಚೇ ಆಗುವುದಿಲ್ಲವಲ್ಲ!”

“ಬಣ್ಣಕ್ಕ ಬಣ್ಣ ಹೊಂದಿಸಬಾರದವ್ವಾ,” ಎಂದಳು ಅಜ್ಜಿ. “ಬಣ್ಣಕ್ಕ ಬಣ್ಣ ಮಾತಾಡಿಸಬೇಕು.”

ಅಜ್ಜಿ ನೇಕಾರರ ಓಣಿಯಲ್ಲಿ ಬೆಳೆದವಳು. ಇಳಕಲ್ ಸೀರೆಯ ಗುಟ್ಟನ್ನು ಅವಳು ಬೆರಳಿನಿಂದಲೇ ತೋರಿಸಿದಳು. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ನೂಲಿನದಾದರೂ ಸೆರಗಿನದು ರೇಷ್ಮೆ. ಎರಡು ಹಾಸುಗಳ ಎಳೆ ಎಳೆಯನ್ನೂ ಒಂದಕ್ಕೊಂದು ಕೊಂಡಿ ಹಾಕಿ ಸೇರಿಸುತ್ತಾರೆ. ಹಾಗೆ ಸೇರಿಸದೆ ಮಗ್ಗದ ಮೇಲೆ ಸೀರೆ ಮುಂದುವರಿಯುವಂತಿಲ್ಲ. ಸೆರಗಿನ ಬಿಳಿಯ ಚಿತ್ರದಲ್ಲಿ ಬಾಚಣಿಗೆಯ ಹಲ್ಲನ್ನು ಕಾಣುವವರಿದ್ದಾರೆ, ಕೋಟೆಯ ತೆನೆಯನ್ನು ಕಾಣುವವರಿದ್ದಾರೆ, ಜೋಳದ ತೆನೆಯನ್ನು ಕಾಣುವವರಿದ್ದಾರೆ. ಉತ್ತರ ಕರ್ನಾಟಕದಲ್ಲಿ ಮದುಮಗಳಿಗೆ ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಸೀರೆಯನ್ನು ಉಡಿಸುವ ಸಂಪ್ರದಾಯವಿದ್ದಿತು. ಕಪ್ಪು ಅಲ್ಲಿ ಅಶುಭವಾಗಿರಲಿಲ್ಲ. ಬೇರೆಲ್ಲ ಬಣ್ಣಗಳೂ ನಿಂತು ಮಾತನಾಡುವ ಜಗುಲಿಯಾಗಿದ್ದಿತು.

ಅಜ್ಜಿಯ ಮಾತಿಗೆ ದೂರದ ಪ್ಯಾರಿಸ್ಸಿನಲ್ಲಿ ಒಬ್ಬ ಸಾಕ್ಷಿಯುಂಟು. ಮಿಷೆಲ್ ಯೂಜೆನ್ ಶೆವ್ರುಲ್ ಎಂಬ ರಸಾಯನ ಶಾಸ್ತ್ರಜ್ಞನು 1824ರಲ್ಲಿ ಅಲ್ಲಿಯ ಗೋಬ್ಲಾಂ ಎಂಬ ಪ್ರಸಿದ್ಧ ಚಿತ್ರಗಂಬಳಿಯ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮುಖ್ಯಸ್ಥನಾದನು. ಅಲ್ಲಿಯ ಕಪ್ಪು ಬಣ್ಣಕ್ಕೆ ಕಸುವಿಲ್ಲವೆಂದು ದೂರು ಬಂದಿತ್ತು. ಆತನು ಪರೀಕ್ಷಿಸಿ ನೋಡಿದರೆ ಕಪ್ಪು ಬಣ್ಣದಲ್ಲಿ ದೋಷವೇ ಇರಲಿಲ್ಲ; ಅದರ ಪಕ್ಕದಲ್ಲಿ ನೇಯ್ದ ನೀಲಿ ನೇರಳೆಗಳು ಅದನ್ನು ಮಂಕಾಗಿಸಿದ್ದವು. ತಪ್ಪು ಬಣ್ಣದ್ದಲ್ಲ, ನೆರೆಹೊರೆಯದು! ಹದಿನೈದು ವರ್ಷಗಳ ಬಳಿಕ, 1839ರಲ್ಲಿ, ಆತನು ಈ ವಿಷಯವಾಗಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದನು. ಅಕ್ಕಪಕ್ಕದಲ್ಲಿಟ್ಟ ಎರಡು ಬಣ್ಣಗಳು ಕಣ್ಣಿನಲ್ಲಿ ತಮ್ಮ ಭೇದವನ್ನು ಹೆಚ್ಚಿಸಿಕೊಳ್ಳುತ್ತವೆ ಎಂಬುದು ಅದರ ಸಾರ. ಕೆಂಪಿನ ಪಕ್ಕದ ಹಸಿರು ಇನ್ನೂ ಹಸಿರಾಗುತ್ತದೆ, ಹಸಿರಿನ ಪಕ್ಕದ ಕೆಂಪು ಇನ್ನೂ ಕೆಂಪಾಗುತ್ತದೆ. ಬಿಳುಪಿನ ಪಕ್ಕದ ಕಪ್ಪು ಇನ್ನೂ ಕಪ್ಪಾಗುತ್ತದೆ. ಉಡುಪಿನ ಬಣ್ಣವು ಉಟ್ಟವರ ಮೈಬಣ್ಣವನ್ನು ಹೇಗೆ ಬದಲಿಸಿ ತೋರಿಸುತ್ತದೆ ಎಂಬುದನ್ನೂ ಆತನು ವಿಚಾರಿಸಿದನು. ಬಣ್ಣಗಳ ನಡುವೆ ಬಾಳಿದ ಆ ಪುಣ್ಯಾತ್ಮನು 1889ರಲ್ಲಿ ತೀರಿಕೊಂಡಾಗ ಆತನಿಗೆ 102 ವರ್ಷ.

ಈ ನಿಯಮದ ಬೆಳಕಿನಲ್ಲಿ ನೋಡಿದರೆ ಅಂಗಡಿಯಾತನ ಬುದ್ಧಿವಾದವು ತಲೆಕೆಳಗಾಗಿದ್ದಿತು. ಕಪ್ಪು ಮೈಯ ಪಕ್ಕದಲ್ಲಿ ತಿಳಿಗುಲಾಬಿಯನ್ನಿಟ್ಟರೆ ಕಪ್ಪು ಮರೆಯಾಗುವುದಿಲ್ಲ, ಎದ್ದು ಕಾಣುತ್ತದೆ. ಗುಲಾಬಿಯೂ ಸಪ್ಪೆಯಾಗುತ್ತದೆ, ಮುಖವೂ ದಣಿದಂತಾಗುತ್ತದೆ. ಅದೇ ಮೈಯ ಪಕ್ಕದಲ್ಲಿ ಕಡುನೀಲಿಯನ್ನೋ ದಾಳಿಂಬೆಯನ್ನೋ ಇಟ್ಟರೆ ಎರಡೂ ಸಮಬಲದ ಗೆಳತಿಯರಂತೆ ನಿಲ್ಲುತ್ತವೆ. ಚರ್ಮದೊಳಗಿನ ತಾಮ್ರದ ಹೊಳಪು ಮೇಲಕ್ಕೆ ಬರುತ್ತದೆ. ಅದಕ್ಕಿಂತ ದೊಡ್ಡ ತಪ್ಪೊಂದು ಆ ಬುದ್ಧಿವಾದದ ಬುಡದಲ್ಲಿಯೇ ಇದ್ದಿತು. ಉಡುಪಿನ ಕೆಲಸವು ಮೈಬಣ್ಣವನ್ನು ಬಚ್ಚಿಡುವುದು ಎಂಬ ನಂಬಿಕೆಯೇ ಆ ತಪ್ಪು.

ಅಂದು ಸಂಜೆ ಎಳ್ಳು ಬೀರಲು ಹೋಗುವ ಹೊತ್ತಿಗೆ ಅಜ್ಜಿ ಮೊಮ್ಮಗಳಿಗೆ ಆ ಸೀರೆಯನ್ನು ಉಡಿಸಿದಳು. ಹಸಿರು ಖಣವನ್ನು ಹೊಲಿಸಲು ಸಮಯವಿರಲಿಲ್ಲ; ಅಕ್ಕನ ಕಪಾಟಿನಲ್ಲಿದ್ದ ಹಸಿರು ರವಿಕೆಯೇ ಒದಗಿತು. ತಾಯಿ ಅಡಿಗೆಯ ಮನೆಯಿಂದ ಬಂದವಳು ಬಾಗಿಲಿನಲ್ಲಿಯೇ ನಿಂತಳು. ಚೆನ್ನಾಗಿದೆ ಎನ್ನಲಿಲ್ಲ, ಚೆನ್ನಾಗಿಲ್ಲ ಎನ್ನಲಿಲ್ಲ. ಬಹಳ ಹೊತ್ತು ನೋಡಿ, “ಈ ಸೀರೆ ನಮ್ಮ ಮನೆಯಲ್ಲಿ ಯಾವಾಗ ಇತ್ತು, ಅವ್ವಾ?” ಎಂದು ಕೇಳಿದಳು.

ಅಜ್ಜಿ ಕೂಡಲೇ ಉತ್ತರ ಕೊಡಲಿಲ್ಲ. ನೆರಿಗೆಗಳನ್ನು ಇನ್ನೊಮ್ಮೆ ಸರಿಪಡಿಸಿದಳು. ಆಮೇಲೆ ಹೇಳಿದಳು. ಅದು ಮಗಳಿಗಾಗಿಯೇ ನೇಯಿಸಿದ ಸೀರೆ. ಮಗಳನ್ನು ನೋಡಲು ಮೊದಲ ಬಾರಿ ಗಂಡಿನವರು ಬರುವ ದಿನ ಅದನ್ನು ಉಡಿಸಬೇಕೆಂದು ಪೆಟ್ಟಿಗೆಯಿಂದ ತೆಗೆದೂ ಇದ್ದಳು. ಆದರೆ ಓಣಿಯ ನಾಲ್ವರು ಬಂದು, “ಕರೀ ಹುಡುಗಿಗಿ ಕರೀ ಸೀರಿ ಏನವ್ವಾ?” ಎಂದರು. ಎದೆ ಹಾರಿತು. ನೆರೆಮನೆಯಿಂದ ತಿಳಿಗುಲಾಬಿಯ ಸೀರೆಯೊಂದನ್ನು ಎರವಲು ತಂದು, ಮುಖಕ್ಕೆ ಪೌಡರನ್ನು ಬಳಿದು ಮಗಳನ್ನು ಚಾಪೆಯ ಮೇಲೆ ಕೂರಿಸಿದಳು. ಬಂದವರು ಉಪ್ಪಿಟ್ಟು ತಿಂದು, ಊರಿಗೆ ಹೋಗಿ ಕಾಗದ ಬರೆಯುತ್ತೇವೆಂದರು. ಕಾಗದ ಬರಲಿಲ್ಲ. ಮುಂದೆ ಒಳ್ಳೆಯ ಕಡೆಯೇ ಮದುವೆಯಾಯಿತು, ನಿಜ. ಆದರೆ ಇಳಕಲ್ ಸೀರೆ ಪೆಟ್ಟಿಗೆಯಲ್ಲಿಯೇ ಉಳಿಯಿತು.

“ಅವರು ಒಪ್ಪಲಿಲ್ಲಂತ ನನಗ ದುಃಖ ಇಲ್ಲ,” ಎಂದಳು ಅಜ್ಜಿ. “ಅವರು ಬರೂದಕ್ಕಿಂತ ಮೊದಲು ನಾನಽ ಒಪ್ಪಿದ್ದಿಲ್ಲ ನಿನ್ನ. ಅದಽ ದುಃಖ.”

ತಾಯಿ ಒಲೆಯ ಮೇಲೇನೋ ಇದೆಯೆಂದು ಒಳಗೆ ಹೋದಳು. ಒಲೆಯನ್ನು ಆಗಲೇ ಆರಿಸಿಯಾಗಿತ್ತು.

ಮಾರನೆಯ ದಿನದಿಂದ ಆ ಮನೆಯಲ್ಲಿ ಬಟ್ಟೆಯ ಪಾಠ ನಡೆಯಿತೆನ್ನಬೇಕು. ಅಜ್ಜಿ ಹೇಳಿಕೊಟ್ಟ ಸೂತ್ರಗಳು ಹೆಚ್ಚಿಲ್ಲ. ಸೀರೆಯ ಒಡಲಿನ ಬಣ್ಣವನ್ನೇ ರವಿಕೆಗೂ ತಂದರೆ ಅದು ಸಮವಸ್ತ್ರವಾಗುತ್ತದೆ. ಅಂಚಿನಿಂದಲೋ, ಚೌಕಳಿಯಲ್ಲಿ ಅಡಗಿರುವ ಯಾವುದೋ ಸಣ್ಣ ಎಳೆಯಿಂದಲೋ ಬಣ್ಣವನ್ನು ಆರಿಸಿದರೆ ಆ ಎಳೆ ಎದ್ದು ನಗುತ್ತದೆ. ಒಂದು ಬಣ್ಣವು ಕನಿಷ್ಠ ಎರಡು ಕಡೆ ಕಾಣಬೇಕು: ಅಂಚಿನ ಕೆಂಪು ಹಣೆಯ ಕುಂಕುಮದಲ್ಲಿಯೋ ಬಳೆಯಲ್ಲಿಯೋ ಮರಳಿ ಬರಬೇಕು. ಎರಡು ಗಾಢ ಬಣ್ಣಗಳು ಜಗಳಕ್ಕೆ ನಿಂತರೆ ನಡುವೆ ಬಿಳಿಯದೊಂದು ಗೆರೆಯನ್ನೋ ಜರಿಯ ಗೆರೆಯನ್ನೋ ಎಳೆದರೆ ರಾಜಿಯಾಗುತ್ತದೆ. ಹೂವಿನ ಚಿತ್ರವಿರುವ ಸೀರೆಗೆ ಸಾದಾ ರವಿಕೆ, ಸಾದಾ ಸೀರೆಗೆ ಖಣ. ಇಬ್ಬರೂ ಏಕಕಾಲಕ್ಕೆ ಮಾತನಾಡಬಾರದು. ಹಾಸಿಗೆ ಒಂದು ಬಣ್ಣ, ಹೊಕ್ಕಿಗೆ ಇನ್ನೊಂದು ಬಣ್ಣ ಹಾಕಿ ನೇಯ್ದ ರೇಷ್ಮೆಯು ನವಿಲಿನ ಕೊರಳಿನಂತೆ ನಡೆದಾಗಲೆಲ್ಲ ಬದಲಾಗುತ್ತದೆ; ಅಂತಹುದಕ್ಕೆ ಆ ಎರಡರಲ್ಲಿ ಕಡಮೆ ಕಾಣುವ ಬಣ್ಣವನ್ನು ರವಿಕೆಗೆ ಆರಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಬಟ್ಟೆಯನ್ನು ಅಂಗಡಿಯ ಹಲಗೆಯ ಮೇಲಲ್ಲ, ಉಡುವವಳ ಗಲ್ಲದ ಕೆಳಗೆ ಹಿಡಿದು ನೋಡಬೇಕು. ಬಟ್ಟೆ ಮೊದಲು ಕಂಡರೆ ಅದು ಬೇಡ. ಮುಖ ಮೊದಲು ಕಂಡರೆ ಅದು ಅವಳದು.

ಇಷ್ಟನ್ನೂ ಕಲಿತ ಮೇಲೆ ಸೂತ್ರಗಳನ್ನು ಮರೆಯುವ ಸ್ವಾತಂತ್ರ್ಯವೂ ಉಂಟು. ಬದನೆಕಾಯಿ ಬಣ್ಣದ ಜೊತೆಗೆ ಅರಿಸಿನವನ್ನು ಹಾಕಿಕೊಂಡು ನೂರು ಜನರ ನಡುವೆ ಗುರುತು ಹಿಡಿಯುವಂತೆ ನಡೆಯುವ ಹೆಂಗಸರಿದ್ದಾರೆ. ಅವರ ಅಭಿರುಚಿಯನ್ನು ಯಾವ ವರ್ಣಚಕ್ರವೂ ಕಲಿಸಿದುದಲ್ಲ. ಕನ್ನಡಿಯ ಮುಂದೆ ನಿಂತು ತಮಗೆ ತಾವೇ ‘ಹೌದು’ ಎಂದುಕೊಂಡವರ ನಡಿಗೆಯೇ ಬೇರೆ.

ಯುಗಾದಿಗೆ ಮುಂಚೆ ತಾಯಿಯೂ ಮಕ್ಕಳೂ ಮತ್ತೆ ಅದೇ ಅಂಗಡಿಗೆ ಹೋದರು. ಕಿರಿಯಳು ಕೈಚೀಲದಿಂದ ದಾಳಿಂಬೆ ಬಣ್ಣದ ಮೈಸೂರು ರೇಷ್ಮೆಯನ್ನು ತೆಗೆದಳು. ಅವಳು ತನ್ನ ಸಂಬಳದಲ್ಲಿ ಕೊಂಡ ಮೊದಲ ಗಾಢ ಬಣ್ಣದ ಸೀರೆ ಅದು. ಅಂಗಡಿಯಾತನು ಅಭ್ಯಾಸದಂತೆ, “ಇದು ಅಕ್ಕನವರದ್ದೇ?” ಎಂದನು. “ನನ್ನದು” ಎಂದು ಹೇಳಿ ಅವಳು ನವಿಲುನೀಲಿಯ ಸುರುಳಿಯನ್ನು ತಾನೇ ಎಳೆದು, ಸೀರೆಯ ಜೊತೆಗೆ ಹಿಡಿದು, ಬಾಗಿಲಿನವರೆಗೆ ನಡೆದು, ಬಿಸಿಲಿನಲ್ಲಿ ಗಲ್ಲದ ಕೆಳಗೆ ಇಟ್ಟುಕೊಂಡು ತಾಯಿಯ ಕಡೆಗೆ ತಿರುಗಿದಳು.

ಅಂಗಡಿಯಾತನು ಏನೋ ಹೇಳಲು ಬಾಯಿ ತೆರೆದನು.

“ಒಂದು ಮೀಟರ್ ಕತ್ತರಿಸಿ,” ಎಂದಳು ತಾಯಿ. ಸ್ವಲ್ಪ ಹೊತ್ತು ಸುರುಳಿಗಳ ಕಡೆಗೇ ನೋಡುತ್ತಿದ್ದು, ತಗ್ಗಿದ ಧ್ವನಿಯಲ್ಲಿ ಮುಂದುವರಿಸಿದಳು: “ಆ ಮೇಲಿನ ಸಾಲಿನಲ್ಲಿದೆಯಲ್ಲ, ಕಡುಗೆಂಪು—ಅದನ್ನೂ ಇಳಿಸಿ. ಅದು ನನಗೆ.”