ಐದು ವೋಲ್ಟ್ ಹೇಳದ ಲೆಕ್ಕ

ವಿಜ್ಞಾನ ಪ್ರದರ್ಶನಕ್ಕೆ ರಿಮೋಟ್ ವಿಮಾನ ಮಾಡಿದ ತಂಡದಲ್ಲಿ ವಾಣಿಜ್ಯ ವಿಭಾಗದವಳು ನಾನೊಬ್ಬಳೇ. ನನಗೆ ಸಿಕ್ಕ ಕೆಲಸ ಲೆಕ್ಕ ಬರೆಯುವುದು. 32 ವಿದ್ಯಾರ್ಥಿನಿಯರು ತಲಾ 100 ರೂಪಾಯಿ ಕೊಟ್ಟಿದ್ದರು, ಒಟ್ಟು 3,200. ಮೋಟಾರು, ಅದರ ವೇಗ ನಿಯಂತ್ರಿಸುವ ಇಎಸ್‌ಸಿ, ನಾಲ್ಕು ಸರ್ವೋ, ಫೋಮ್ ಹಾಳೆ ಮತ್ತು ಒಂದು ಲೀಪೋ ಬ್ಯಾಟರಿ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಂದವು. ಟ್ರಾನ್ಸ್‌ಮಿಟರ್ ಮತ್ತು ರಿಸೀವರ್ ಒಬ್ಬ ಗೆಳತಿಯ ಅಣ್ಣನವು, ಪ್ರದರ್ಶನ ಮುಗಿಯುವ ತನಕ ಎರವಲು.

ಮೂರನೆಯ ಅಭ್ಯಾಸದ ದಿನ ಮೋಟಾರು ಆಕಾಶದಲ್ಲೇ ನಿಂತುಹೋಯಿತು. ವಿಮಾನ ಮೈದಾನದ ಆಚೆ ರಾಗಿ ಕೊಯ್ದ ಹೊಲದಲ್ಲಿ ಮೂಗು ಮುರಿದುಕೊಂಡು ಬಿತ್ತು. ಇಎಸ್‌ಸಿ ತನ್ನ ಧರ್ಮವನ್ನೇ ಪಾಲಿಸಿತ್ತು. ಬ್ಯಾಟರಿ ತೀರಾ ಇಳಿದಾಗ ಅದು ಮೋಟಾರನ್ನು ನಿಲ್ಲಿಸಿ, ಉಳಿದ ಶಕ್ತಿಯನ್ನು ರೆಕ್ಕೆ ಬಾಲ ತಿರುಗಿಸುವ ಸರ್ವೋಗಳಿಗೆ ಮೀಸಲಿಡುತ್ತದೆ. ನಷ್ಟ 260 ರೂಪಾಯಿ. ವೋಚರಿನಲ್ಲಿ ಕಾರಣ ಬರೆಯಬೇಕಲ್ಲ, ಅದಕ್ಕೆ ಕೇಳಿದೆ: "ಬೀಳುವ ಮೊದಲು ಬ್ಯಾಟರಿಯಲ್ಲಿ ಎಷ್ಟಿತ್ತು?" ಹಾರಿಸುತ್ತಿದ್ದ ಗೆಳತಿ ಹೇಳಿದಳು, "ಪರದೆ ಮೇಲೆ 5 ವೋಲ್ಟ್ ಇತ್ತು ಕಣೇ. ಶುರುವಿನಲ್ಲೂ 5, ಬಿದ್ದ ಮೇಲೂ 5."

ಆ ಉತ್ತರ ನನ್ನ ತಲೆಯಿಂದ ಹೋಗಲಿಲ್ಲ. ಮನೆಯಲ್ಲಿ ಅಮ್ಮಿಗೆ ಹೇಳಿದಾಗ ಅವರು ವಿಮಾನದ ಬಗ್ಗೆ ಏನೂ ಕೇಳಲಿಲ್ಲ. "ಪೈಸೆ ಕಿಸ್ಕೆ?" ಎಂದರು. ದುಡ್ಡು ಯಾರದು ಎಂದು. ಎಲ್ಲರದು ಎಂದೆ. "ತೋ ಅಮಾನತ್ ಹೈ" ಎಂದು ಸುಮ್ಮನಾದರು. ಕನ್ನಡ ಪತ್ರಿಕೆಯಲ್ಲಿ ಯಾರನ್ನಾದರೂ ಕೆಲಸದಿಂದ ತಾತ್ಕಾಲಿಕವಾಗಿ ದೂರ ಇಟ್ಟರೆ 'ಅಮಾನತು' ಎನ್ನುತ್ತಾರೆ. ನಮ್ಮ ಮನೆಯ ಉರ್ದುವಿನಲ್ಲಿ ಅಮಾನತ್ ಎಂದರೆ ಇನ್ನೊಬ್ಬರು ನಂಬಿ ನಮ್ಮ ಕೈಗೆ ಒಪ್ಪಿಸಿದ ವಸ್ತು. ಅದನ್ನು ಎಷ್ಟಿತ್ತೋ ಅಷ್ಟು, ಹೇಗಿತ್ತೋ ಹಾಗೆ ಹಿಂದಿರುಗಿಸಬೇಕು. ಎರವಲಿನ ರಿಸೀವರ್ ಅಮಾನತ್. 3,200 ರೂಪಾಯಿ ಅಮಾನತ್. ಪ್ರದರ್ಶನದ ದಿನ ಮೈದಾನದ ಸುತ್ತ ನಿಲ್ಲುವ ಪುಟ್ಟ ಮಕ್ಕಳ ತಲೆಗಳೂ ಅಮಾನತ್ತೇ ಅಲ್ಲವೇ ಎಂದು ಆ ರಾತ್ರಿ ಅನ್ನಿಸಿತು.

ಪರದೆಯ 5 ವೋಲ್ಟಿನ ಗುಟ್ಟನ್ನು ಭೌತಶಾಸ್ತ್ರದ ಸರ್ ಬಿಡಿಸಿ ಹೇಳಿದರು. ನಮ್ಮ ಬ್ಯಾಟರಿಯಲ್ಲಿ ಸಾಲಾಗಿ ಮೂರು ಸೆಲ್‌ಗಳಿವೆ. ಒಂದೊಂದೂ ಪೂರ್ತಿ ತುಂಬಿದಾಗ 4.2 ವೋಲ್ಟ್, ಒಟ್ಟು 12.6. ರಿಸೀವರ್‌ಗೆ ಅಷ್ಟು ಬೇಡ. ಇಎಸ್‌ಸಿಯೊಳಗಿನ ಬಿಇಸಿ ಎಂಬ ಭಾಗ ಅದನ್ನು ಸುಮಾರು 5 ವೋಲ್ಟ್‌ಗೆ ಇಳಿಸಿ ಕೊಡುತ್ತದೆ. ರಿಸೀವರ್ ತನಗೆ ಬಂದ ಆ 5 ವೋಲ್ಟನ್ನೇ ಕೆಳಗೆ ವರದಿ ಮಾಡುತ್ತದೆ. ಬ್ಯಾಟರಿ 12.6ರಲ್ಲಿರಲಿ, 10ರಲ್ಲಿರಲಿ, ವರದಿ ಒಂದೇ.

ಇದು ನಮಗೆ, ಅಂದರೆ ವಾಣಿಜ್ಯದವರಿಗೆ, ಗೊತ್ತಿರುವ ವಿಷಯವೇ. ಚಿಲ್ಲರೆ ನಗದು ಪುಸ್ತಕದ ಇಂಪ್ರೆಸ್ಟ್ ಪದ್ಧತಿ ನೆನಪಿಸಿಕೊಳ್ಳಿ. ಖರ್ಚಾದಷ್ಟನ್ನು ಮುಖ್ಯ ಕ್ಯಾಷಿಯರ್ ತುಂಬಿ ಕೊಡುತ್ತಾರೆ, ಚಿಲ್ಲರೆ ಪೆಟ್ಟಿಗೆಯಲ್ಲಿ ಪ್ರತಿ ವಾರದ ಆರಂಭಕ್ಕೂ ಅದೇ ಮೊತ್ತ. ಆ ಪೆಟ್ಟಿಗೆ ನೋಡಿ ಬ್ಯಾಂಕಿನಲ್ಲಿ ಎಷ್ಟಿದೆ ಎಂದು ಹೇಳಲಾಗದು. ಬ್ಯಾಂಕ್ ಬರಿದಾದ ದಿನವೇ ಪೆಟ್ಟಿಗೆಯೂ ಬರಿದು. ನಮಗೆ ಬೇಕಾಗಿದ್ದು ಪಾಸ್ ಪುಸ್ತಕ.

ಆ ಪಾಸ್ ಪುಸ್ತಕದ ಹೆಸರು ವೋಲ್ಟೇಜ್ ಸೆನ್ಸರ್. ನಮ್ಮದು ಫ್ಲೈಸ್ಕೈ ಎಫ್‌ಎಸ್-ಐ6 ಟ್ರಾನ್ಸ್‌ಮಿಟರ್, ಐಎ6ಬಿ ರಿಸೀವರ್. ಈ ರಿಸೀವರ್ ಆಜ್ಞೆ ಪಡೆಯುವುದಷ್ಟೇ ಅಲ್ಲ, ಅದೇ 2.4 ಗಿಗಾಹರ್ಟ್ಸ್‌ನಲ್ಲಿ ಸುದ್ದಿಯನ್ನೂ ಕೆಳಗೆ ಕಳಿಸುತ್ತದೆ. ಅದರಲ್ಲಿ ಐಬಸ್ ಸೆನ್ಸರ್ ಪೋರ್ಟ್ ಇದೆ. ಸಿವಿಟಿ01 ಎಂಬ ಚಿಕ್ಕ ಸೆನ್ಸರಿನ ಒಂದು ಬದಿ ಆ ಪೋರ್ಟಿಗೆ, ಇನ್ನೊಂದು ಬದಿ ಬ್ಯಾಟರಿಗೆ. ಬ್ಯಾಟರಿಯ ಬ್ಯಾಲೆನ್ಸ್ ಪ್ಲಗ್‌ನಲ್ಲಿರುವ ನಾಲ್ಕು ತಂತಿಗಳಲ್ಲಿ ತುದಿಯ ಎರಡು ಮಾತ್ರ ಬೇಕು: ಕಪ್ಪು ಋಣ, ಎದುರು ತುದಿ ಪೂರ್ತಿ ಧನ. ಮಧ್ಯದ ತಂತಿ ಹಿಡಿದರೆ ಒಂದು ಅಥವಾ ಎರಡು ಸೆಲ್‌ಗಳ ಲೆಕ್ಕ ಮಾತ್ರ ಸಿಗುತ್ತದೆ. ಜೋಡಿಸುವ ಮೊದಲು ಮಲ್ಟಿಮೀಟರ್ ಇಟ್ಟು ಧನ, ಋಣ ಖಚಿತ ಮಾಡಿಕೊಂಡೆವು. ಆಮೇಲೆ ಟ್ರಾನ್ಸ್‌ಮಿಟರ್ ಮೆನುವಿನಲ್ಲಿ ಬಾಹ್ಯ ಸೆನ್ಸರ್ ಆರಿಸಿದಾಗ ಪರದೆಯಲ್ಲಿ 12.4 ಮೂಡಿತು. ಮಲ್ಟಿಮೀಟರ್ 12.5 ಎಂದಿತು. ನಗದು ಪುಸ್ತಕಕ್ಕೂ ಪಾಸ್ ಪುಸ್ತಕಕ್ಕೂ ವ್ಯತ್ಯಾಸ ಬಂದರೆ ಸಮನ್ವಯ ಪಟ್ಟಿ ಬರೆಯುತ್ತೇವಲ್ಲ, ಹಾಗೆಯೇ ಆ 0.1 ಅನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟೆ.

ಇನ್ನು ಉಳಿದದ್ದು, ಎಷ್ಟಕ್ಕೆ ಇಳಿದಾಗ ಬೀಪ್ ಆಗಬೇಕು ಎಂಬ ಪ್ರಶ್ನೆ. ಒಂದು ಸೆಲ್ 3 ವೋಲ್ಟ್‌ಗಿಂತ ಕೆಳಗಿಳಿದರೆ ಕೆಡುತ್ತದೆ. ಹಾಗಾದರೆ ಒಟ್ಟು 9ಕ್ಕೆ ಇಟ್ಟರೆ ಆಗದೇ ಎಂದು ಕೇಳಿದೆ. ಆಗದು. ಲೀಪೋ ಬ್ಯಾಟರಿಯ ವೋಲ್ಟೇಜ್ ನಡುವೆ ನಿಧಾನವಾಗಿ ಇಳಿಯುತ್ತದೆ, ಕೊನೆಯಲ್ಲಿ ಧಡಕ್ಕನೆ ಕುಸಿಯುತ್ತದೆ. ಅಷ್ಟು ಹೊತ್ತಿಗೆ ಎಚ್ಚರಿಕೆ ಬಂದರೆ ಇಳಿಸಲು ಸಮಯವಿರುವುದಿಲ್ಲ. ಇನ್ನೊಂದು ಮಾತು: ಮೋಟಾರು ಜೋರಾಗಿ ಎಳೆಯುವಾಗ ವೋಲ್ಟೇಜ್ ಕುಗ್ಗಿ, ಬಿಟ್ಟಾಗ ಮೇಲೇಳುತ್ತದೆ. ವಿಮಾನವನ್ನು ನೆಲದ ಮೇಲೆ ಗಟ್ಟಿಯಾಗಿ ಹಿಡಿದು ಪೂರ್ತಿ ಥ್ರಾಟಲ್ ಕೊಟ್ಟಾಗ 12.4 ಇದ್ದದ್ದು 11.6 ಆಯಿತು, ಇಳಿಸಿದಾಗ ಮತ್ತೆ 12.2. ಹಾಗಾಗಿ ಹಾರುತ್ತಿರುವಾಗಿನ ಅಂಕಿಯನ್ನೇ ನಂಬಿ ಸೆಲ್‌ಗೆ 3.5, ಒಟ್ಟು 10.5 ಎಂದು ನಿಶ್ಚಯಿಸಿದೆವು.

ಇದು ಸರಿಯೇ ಎಂದು ತಿಳಿಯುವ ದಾರಿ ಚಾರ್ಜರಿನಲ್ಲಿತ್ತು. ಬ್ಯಾಟರಿಗೆ ಎಷ್ಟು ತುಂಬಿತೆಂದು ಅದು ತೋರಿಸುತ್ತದೆ. ಬೀಪ್ ಆದ ಕೂಡಲೇ ಇಳಿಸಿದ ಮೂರು ಹಾರಾಟಗಳಲ್ಲಿ 1,480, 1,540, 1,510 ಎಂಎಎಚ್ ತುಂಬಿತು. ಬ್ಯಾಟರಿಯ ಸಾಮರ್ಥ್ಯ 2,200. ಅಂದರೆ ಬೀಪ್ ಆಗುವಾಗ ಸುಮಾರು ಶೇಕಡಾ 70 ಖರ್ಚು, 30 ಮೀಸಲು.

ಆದರೆ ಈ ಸೆನ್ಸರ್ ನೋಡುವುದು ಮೊತ್ತವನ್ನು ಮಾತ್ರ. ಎರಡು ಸೆಲ್‌ಗಳು 3.8ರಲ್ಲಿದ್ದು ಮೂರನೆಯದು 2.9ಕ್ಕೆ ಬಿದ್ದಿದ್ದರೂ ಕೂಡಿದರೆ 10.5 ಬರುತ್ತದೆ. ತಾಳೆ ಪಟ್ಟಿ ಸರಿಹೊಂದಿದ ಮಾತ್ರಕ್ಕೆ ಲೆಕ್ಕದಲ್ಲಿ ತಪ್ಪಿಲ್ಲ ಎನ್ನಲಾಗದು ಎಂದು ಪ್ರಥಮ ವರ್ಷದಲ್ಲೇ ಓದಿದ್ದೇವೆ. ಅದಕ್ಕೇ ಪ್ರತಿ ಹಾರಾಟಕ್ಕೆ ಮುಂಚೆ ಮೂರೂ ಸೆಲ್‌ಗಳನ್ನು ಬೇರೆ ಬೇರೆ ಅಳೆದು ಪುಸ್ತಕದಲ್ಲಿ ಬರೆಯುವ ನಿಯಮ ಮಾಡಿದೆ. ಮೊದಮೊದಲು ಗೆಳತಿಯರು "ಆಡಿಟರ್ ಬಂದಳು" ಎಂದು ನಗುತ್ತಿದ್ದರು. ಆಮೇಲೆ ಅವರೇ ಪೆನ್ನು ಕೇಳತೊಡಗಿದರು.

ಪ್ರದರ್ಶನದ ದಿನ ಆರೂವರೆ ನಿಮಿಷಕ್ಕೆ ಬೀಪ್ ಆಯಿತು. ಜನ ಆಗಷ್ಟೇ ಚಪ್ಪಾಳೆ ಹೊಡೆಯುತ್ತಿದ್ದರು. "ಇನ್ನೊಂದು ರೌಂಡ್, ಇನ್ನೊಂದು ರೌಂಡ್" ಎಂಬ ಕೂಗು. ಹಾರಿಸುವವಳ ಮುಖದಲ್ಲೂ ಆಸೆ. ಬೀಪ್ ಆದರೆ ಯಾರನ್ನೂ ಕೇಳುವ ಹಾಗಿಲ್ಲ ಎಂದು ಮೊದಲೇ ಬರೆದು ಎಲ್ಲರ ಸಹಿ ಹಾಕಿಸಿದ್ದೆ. "ಇಳಿಸು" ಎಂದೆ. ಅವಳು ತಿರುಗಿಸಿ ತಂದಳು. ಇನ್ನೇನು ನೆಲ ಮುಟ್ಟಬೇಕು, ಇಬ್ಬರು ಚಿಕ್ಕ ಹುಡುಗರು ಹಗ್ಗದ ಕೆಳಗೆ ನುಸುಳಿ ಮೈದಾನಕ್ಕೆ ಓಡಿ ಬಂದರು. ಅವಳು ಪೂರ್ತಿ ಥ್ರಾಟಲ್ ಕೊಟ್ಟಳು. ವಿಮಾನ ಆ ಮಕ್ಕಳ ತಲೆಯ ಮೇಲಿಂದ ಎದ್ದು, ಒಂದು ಸುತ್ತು ಹಾಕಿ, ಮಕ್ಕಳನ್ನು ಎಳೆದು ತಂದ ಮೇಲೆ ಮೆತ್ತಗೆ ಇಳಿಯಿತು. ಆ ಒಂದು ಸುತ್ತು ಮೀಸಲಿನಲ್ಲಿದ್ದ ಬ್ಯಾಟರಿಯದು. ಜನ ಕೇಳಿದ ರೌಂಡಿಗೆ ಅದನ್ನು ಖರ್ಚು ಮಾಡಿದ್ದರೆ ಆ ಹೊತ್ತಿಗೆ ಮೋಟಾರು ಏಳುತ್ತಿತ್ತೋ ಇಲ್ಲವೋ.

ರಿಸೀವರ್, ಟ್ರಾನ್ಸ್‌ಮಿಟರ್ ಅಣ್ಣನಿಗೆ ವಾಪಸ್ ಹೋಗಿವೆ. ವಿಮಾನ, ಸೆನ್ಸರ್, ಬ್ಯಾಟರಿ ಮತ್ತು ಪುಸ್ತಕ ಪ್ರಯೋಗಾಲಯದ ಕಪಾಟಿನಲ್ಲಿವೆ. ಮುಂದಿನ ವರ್ಷ ಹಾರಿಸುವ ತಂಗಿಯರೇ, ಬ್ಯಾಟರಿಯನ್ನು ತುಂಬಿಯೂ ಇಡಬೇಡಿ, ಬರಿದು ಮಾಡಿಯೂ ಇಡಬೇಡಿ. ರಜೆಯಲ್ಲಿ ಸೆಲ್‌ಗೆ 3.8 ವೋಲ್ಟ್ ಇರಲಿ. ಪುಸ್ತಕದಲ್ಲಿ ಖಾಲಿ ಪುಟಗಳು ಬೇಕಾದಷ್ಟಿವೆ. ತೆಗೆದುಕೊಂಡವರು ದಿನಾಂಕ ಹಾಕಿ ಸಹಿ ಮಾಡಿ.